ನಾಯಿ ಕಟ್ಟಿದೀರಾ?

ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಗೆ ಯಾರೇ ಬಂದರೂ ದಣಪೆ ಹತ್ತಿರ ನಿಂತು ಮೊದಲು ಕೂಗುತ್ತಿದ್ದದ್ದು ಇದನ್ನೇ: "ನಾಯಿ ಕಟ್ಟಿದೀರಾ?" ಒಳಗಿನಿಂದ ಅಜ್ಜಿ "ಹ್ಞೂಂ, ಕಟ್ಟಿದೆ, ಬನ್ನಿ" ಅಂದ ಮೇಲೇ ಅಂಗಳಕ್ಕೆ ಕಾಲಿಡುತ್ತಿದ್ದರು. ಆ ಕಂತ್ರಿ ನಾಯಿ ಯಾರನ್ನಾದರೂ ಕಚ್ಚಿದ್ದು ನನಗೆ ನೆನಪಿಲ್ಲ. ಆದರೂ ಅಜ್ಜಿ ಒಂದು ದಿನವೂ "ಅದು ಏನೂ ಮಾಡಲ್ಲ" ಅಂದವರಲ್ಲ. ನೆಂಟರು ಬಂದರೆ ಮೊದಲು ಸರಪಳಿ, ಆಮೇಲೆ ಕಾಫಿ.

ಈ ಮಾತು ಈಗ ಯಾಕೆಂದರೆ, ಮೂರು ವಾರದ ಹಿಂದೆ ಬೆಂಗಳೂರಿನಲ್ಲಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿದ್ದು ಅಂಥದ್ದೇ ಒಂದು "ಏನೂ ಮಾಡದ" ನಾಯಿ.

ಬೀದಿ ನಾಯಿಯಲ್ಲ. ಅವುಗಳ ಜೊತೆ ನನ್ನ ಲೆಕ್ಕ ಬೇರೆ. ರಾತ್ರಿ ಸ್ಕೂಟರಿನಲ್ಲಿ ಬರುವಾಗ ತಿರುವಿನಲ್ಲಿ ನಾಲ್ಕೈದು ಅಟ್ಟಿಸಿಕೊಂಡು ಬರುತ್ತವೆ. ಮೊದಮೊದಲು ಹೆದರಿ ಜೋರಾಗಿ ಓಡಿಸುತ್ತಿದ್ದೆ. ಒಮ್ಮೆ ಹಂಪ್ ಮೇಲೆ ಬಿದ್ದು ಮೊಣಕೈ ತರಚಿಕೊಂಡ ಮೇಲೆ ಬುದ್ಧಿ ಬಂತು. ಈಗ ಗಾಡಿ ನಿಧಾನ ಮಾಡಿ ನಿಲ್ಲಿಸಿ "ಹಚಾ" ಅನ್ನುತ್ತೇನೆ. ಗಾಡಿ ನಿಂತರೆ ಅವಕ್ಕೂ ಆಟ ಮುಗಿದ ಹಾಗೆ, ಗುರ್ ಅಂದುಕೊಂಡು ವಾಪಸ್ ಹೋಗುತ್ತವೆ. ಎಲ್ಲರಿಗೂ ಇದೇ ಮಾಡಿ ಅನ್ನುವ ಧೈರ್ಯ ಮಾತ್ರ ನನಗಿಲ್ಲ.

ನನ್ನನ್ನು ಕಚ್ಚಿದ್ದು ಕೊರಳಿಗೆ ಕೆಂಪು ಪಟ್ಟಿ ಇದ್ದ, ಚೆನ್ನಾಗಿ ತಿಂದುಂಡ ಮನೆ ನಾಯಿ. ಬೆಳಿಗ್ಗೆ ಹಾಲು ತರುತ್ತಿದ್ದೆ. ಪಟ್ಟಿ ನಾಯಿಯ ಕೊರಳಲ್ಲಿತ್ತು, ಹಗ್ಗ ಯಜಮಾನರ ಹೆಗಲ ಮೇಲಿತ್ತು, ಅವರ ಕಣ್ಣು ಮೊಬೈಲಿನಲ್ಲಿತ್ತು. "ಹೆದರಬೇಡಿ ಸಾರ್, ಏನೂ ಮಾಡಲ್ಲ, ಸುಮ್ನೆ ಮೂಸತ್ತೆ." ಮೂಸಿತು. ಆಮೇಲೆ ಕಚ್ಚಿತು. "ಇದುವರೆಗೂ ಯಾರನ್ನೂ ಕಚ್ಚಿಲ್ಲ ಸಾರ್, ನೀವು ಹಾಲಿನ ಕವರ್ ಆಡಿಸಿದ್ರಲ್ಲ, ಅದಕ್ಕೆ" ಅಂದರು. ನೋವಿಗಿಂತ ಈ ಮಾತೇ ಜಾಸ್ತಿ ಉರಿಯಿತು.

ಮನೆಗೆ ಬಂದು ನಲ್ಲಿ ಕೆಳಗೆ ಕಾಲು ಹಿಡಿದು, ಸೋಪು ಹಾಕಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದೆ. ಅಮ್ಮ ಅರಿಸಿನದ ಡಬ್ಬಿ ಹಿಡಿದು ಬಂದರು. ಬೇಡ ಅಂದೆ. ನಾಯಿ ಕಚ್ಚಿದ ಗಾಯಕ್ಕೆ ಅರಿಸಿನ, ಸುಣ್ಣ, ಕಾರದ ಪುಡಿ ಏನೂ ಹಚ್ಚಬಾರದು. ನಾಯಿಯ ಲಸಿಕೆ ಕಾರ್ಡ್ ಕೇಳಿದರೆ ಕೊನೆಯ ಮುದ್ರೆ ಎರಡು ವರ್ಷ ಹಳೆಯದು. ಆಸ್ಪತ್ರೆಯಲ್ಲಿ, ರಕ್ತ ಬಂದಿದ್ದರಿಂದ, ಗಾಯದ ಸುತ್ತಲೇ ರೇಬೀಸ್ ತಡೆಯುವ ಸೀರಮ್ ಚುಚ್ಚಿದರು. ಅಬ್ಬಾ! ಲಸಿಕೆ ಅದರ ಮುಂದೆ ಏನೂ ಅಲ್ಲ. ಎರಡೂ ತೋಳಿಗೆ ಒಂದೊಂದು ಸಣ್ಣ ಚುಚ್ಚು. ಆಮೇಲೆ 3, 7, 28ನೇ ದಿನ ಮತ್ತೆ. ಅಮ್ಮನ ತಲೆಯಲ್ಲಿದ್ದದ್ದು ಇನ್ನೂ ಹೊಕ್ಕುಳ ಸುತ್ತ ಚುಚ್ಚುತ್ತಿದ್ದ 14 ಇಂಜೆಕ್ಷನ್. ಕುರಿ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ 2005ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತಿದೆ. ಅದಕ್ಕೆ ಹೆದರಿ ಈಗಲೂ ಯಾರಾದರೂ ಆಸ್ಪತ್ರೆಗೆ ಹೋಗದೆ ಇದ್ದರೆ ದಯವಿಟ್ಟು ಹೇಳಿ. ರೇಬೀಸ್ ಲಕ್ಷಣ ಶುರುವಾದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರಿಗೆ ಹಾಕಿ ಅಂತ ಆದೇಶ ಕೊಟ್ಟಾಗ ಇಲ್ಲಿ ವಾರಗಟ್ಟಲೆ ಜಗಳ ನಡೆಯಿತು. ನಾನೂ ಆಡಿದೆ, ಸುಳ್ಳು ಯಾಕೆ. ಎರಡೂ ಕಡೆಯವರು ಬೀದಿ ನಾಯಿಯ ಬಗ್ಗೆಯೇ ಮಾತಾಡಿದೆವು. ಕಾಂಪೌಂಡಿನ ಒಳಗಿರುವುದರ ಸುದ್ದಿಯೇ ಇಲ್ಲ. 2023ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಊಟದ ಪಾರ್ಸೆಲ್ ಕೊಡಲು ಹೋದ ಹುಡುಗ, ಮನೆ ನಾಯಿ ಮೈಮೇಲೆ ಬಂತೆಂದು ಓಡಿ ಮೂರನೇ ಮಹಡಿಯಿಂದ ಬಿದ್ದು ಸತ್ತುಹೋದ. ಪೇಪರ್ ಹಾಕುವವರು, ಮೀಟರ್ ನೋಡುವವರು, ಕೊರಿಯರ್ ಹುಡುಗರು ದಿನಾ ಎಷ್ಟು ಗೇಟು ತೆಗೆಯುತ್ತಾರೆ, ಲೆಕ್ಕ ಹಾಕಿ.

ಕಾನೂನು ಇದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ, ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ 6 ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾನು ಕಂಪ್ಲೇಂಟ್ ಕೊಡಲಿಲ್ಲ. ಅದೇ ರಸ್ತೆಯಲ್ಲಿ ಬದುಕಬೇಕಲ್ವಾ? ಹೇಡಿತನ ಅನ್ನಿ ಬೇಕಾದರೆ.

ನಿನ್ನೆ ಸಂಜೆ ಅವರೇ ಒಂದು ಡಜನ್ ಬಾಳೆಹಣ್ಣು ತಗೊಂಡು ಕಾಲು ಹೇಗಿದೆ ಅಂತ ವಿಚಾರಿಸಲು ಬಂದಿದ್ದರು. ಗೇಟಿನ ಚಿಲಕ ತೆಗೆಯುವ ಮೊದಲು ನನಗೇ ಗೊತ್ತಿಲ್ಲದೆ ಬಾಯಿಗೆ ಬಂತು, "ನಾಯಿ ಕಟ್ಟಿದೀರಾ?"

"ಇಲ್ಲೇ ಕಾರ್ ಹಿಂದೆ ಇದೆ ಸಾರ್" ಅಂದರು. "ಬನ್ನಿ, ಏನೂ ಮಾಡಲ್ಲ."