"ಮಲಗಮ್ಮ, ಬೆಳಗ್ಗೆ ಸರಿಹೋಗುತ್ತೆ"

ಈ ಮಾತು ಆಡಿದವಳು ನಾನೇ. ಶಾಲಾ ಪ್ರವಾಸದ ಎರಡನೇ ರಾತ್ರಿ, ಹನ್ನೊಂದೂವರೆ ಗಂಟೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮೂರು ಸಲ ವಾಂತಿ ಮಾಡಿಕೊಂಡಿದ್ದಳು. ಬಸ್ಸಿನ ಕುಲುಕಾಟ, ಬಿಸಿಲು, ಹೊರಗಿನ ಊಟ, ನಿದ್ದೆಗೇಡು, ಕಾರಣಗಳಿಗೇನು ಬರವೇ? ಬಾಯಿ ಮುಕ್ಕಳಿಸಲು ನೀರು ಕೊಟ್ಟೆ, ತಲೆ ಸವರಿದೆ, ಹೊದಿಕೆ ಸರಿಮಾಡಿದೆ, ಈ ಮಾತು ಹೇಳಿ ಲೈಟ್ ಆರಿಸಿ ಬಂದೆ.

ಗದರಿರಲಿಲ್ಲ. "ನಾಟಕ ಆಡಬೇಡ" ಅಂದಿರಲಿಲ್ಲ. ಪ್ರವಾಸಕ್ಕೆ ಹೋದ ಮಗುವಿಗೆ ಏನಾದರೂ ಆಯಿತು ಅನ್ನುವ ಸುದ್ದಿ ಬಂದಾಗಲೆಲ್ಲ ಜನ "ಎಂಥ ಕಲ್ಲು ಹೃದಯದ ಮೇಷ್ಟ್ರುಗಳಪ್ಪ" ಅಂತ ಬೈಯುವುದನ್ನು ನೋಡುತ್ತೇನೆ. ನನಗೆ ಆ ಬೈಗುಳದಲ್ಲಿ ಪಾಲು ಬೇಡ. ಕಲ್ಲು ಹೃದಯದವರಿಗಿಂತ, ತಲೆ ಸವರಿ ಲೈಟ್ ಆರಿಸುವ ನನ್ನಂಥವರ ಬಗ್ಗೆಯೇ ನನಗೆ ಹೆಚ್ಚು ಭಯ.

ರಾತ್ರಿ ಎರಡರ ಹೊತ್ತಿಗೆ ಅವಳ ರೂಮಿನ ಇನ್ನೊಬ್ಬ ಹುಡುಗಿ ಬಂದು ಬಾಗಿಲು ಬಡಿದಳು. "ಟೀಚರ್, ಅವಳು ಉಸಿರಾಡೋದು ಒಂಥರಾ ಇದೆ." ಹೋಗಿ ನೋಡಿದರೆ ಬಚ್ಚಲುಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾಳೆ. ಓಡಿ ಬಂದವರ ಹಾಗೆ ಉಸಿರು, ಆದರೆ ಏದುಸಿರಲ್ಲ. ಆಳವಾಗಿ, ಒಂದೇ ಲಯದಲ್ಲಿ, ನಿಲ್ಲಿಸಲಾಗದ ಹಾಗೆ ಎಳೆದೆಳೆದು ಬಿಡುತ್ತಿದ್ದಳು. ಮಂಚದ ಪಕ್ಕ ನಾಲ್ಕು ಖಾಲಿ ನೀರಿನ ಬಾಟಲಿ ಸಾಲಾಗಿ ನಿಂತಿದ್ದವು. ಬಗ್ಗಿ ಎಬ್ಬಿಸಲು ಹೋದಾಗ ಅವಳ ಬಾಯಿಂದ ಕಳಿತ ಹಣ್ಣಿನಂಥ ವಾಸನೆ. ನಾನು ವಿಜ್ಞಾನದ ಟೀಚರ್. ಅಸಿಟೋನ್ ಅಂತ ಬೋರ್ಡಿನ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ, ತಪ್ಪು ಬರೆದವರ ಅಂಕ ಕಳೆದಿದ್ದೇನೆ. ಅದೇ ಅಸಿಟೋನ್ ಮೂಗಿಗೆ ಬಡಿದಾಗ ಮಾತ್ರ ಏನೂ ಹೊಳೆಯಲಿಲ್ಲ.

ಅವಳಿಗೆ ಟೈಪ್ 1 ಡಯಾಬಿಟಿಸ್ ಇತ್ತು, ದೇಹಕ್ಕೆ ಬೇಕಾದ ಇನ್ಸುಲಿನ್ ದೇಹದಲ್ಲಿ ತಯಾರಾಗದೆ ಹೊರಗಿನಿಂದ ಚುಚ್ಚಿಕೊಳ್ಳಲೇಬೇಕಾದ ಸಕ್ಕರೆ ಕಾಯಿಲೆ. ತಂದೆತಾಯಿ ಮುಚ್ಚಿಟ್ಟಿರಲಿಲ್ಲ, ಒಪ್ಪಿಗೆ ಫಾರ್ಮಿನಲ್ಲಿ ದುಂಡಗೆ ಬರೆದುಕೊಟ್ಟಿದ್ದರು. ಫಾರ್ಮು ಫೈಲಿನಲ್ಲಿತ್ತು, ಫೈಲು ಬಸ್ಸಿನ ಡಿಕ್ಕಿಯಲ್ಲಿತ್ತು. ನಲವತ್ತೈದು ಫಾರ್ಮುಗಳಿಗೂ ಸಹಿ ಬಿದ್ದಿದೆಯೇ ಅಂತ ನಾನೇ ಎಣಿಸಿದ್ದೆ. ಒಂದನ್ನೂ ಓದಿರಲಿಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಮೂರು ಪ್ರಶ್ನೆ ಕೇಳಿದರು. ಕೊನೆಯ ಇನ್ಸುಲಿನ್ ಯಾವಾಗ ತಗೊಂಡಳು? ವಾಂತಿ ಶುರುವಾಗಿದ್ದು ಎಷ್ಟು ಹೊತ್ತಿಗೆ? ಸಂಜೆಯಿಂದ ಎಷ್ಟು ಸಲ ಮೂತ್ರಕ್ಕೆ ಹೋಗಿದ್ದಾಳೆ? ನನ್ನ ಹತ್ತಿರ ಒಂದಕ್ಕೂ ಉತ್ತರವಿರಲಿಲ್ಲ. ಮೂರಕ್ಕೂ ಉತ್ತರ ಕೊಟ್ಟವಳು ನೈಟ್‌ಡ್ರೆಸ್ಸಿನಲ್ಲೇ ನಮ್ಮ ಜೊತೆ ಬಂದಿದ್ದ ಆ ರೂಮ್‌ಮೇಟ್. ಹದಿನಾಲ್ಕು ವರ್ಷದ ಹುಡುಗಿ.

ಹುಡುಗಿ ಉಳಿದಳು. ಉಳಿದಿದ್ದಕ್ಕೇ ನಾನು ಇದನ್ನು ಬರೆಯುವ ಸ್ಥಿತಿಯಲ್ಲಿದ್ದೇನೆ.

ಆ ರಾತ್ರಿ ಆಗಿದ್ದೇನು ಅಂತ ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ವಾಂತಿಯಾಗುತ್ತಿದೆ, ಊಟ ಸೇರುತ್ತಿಲ್ಲ ಅಂತ ಅವಳು ಇನ್ಸುಲಿನ್ ತಗೊಳ್ಳುವುದನ್ನೇ ನಿಲ್ಲಿಸಿದ್ದಳು. ತಿನ್ನದೇ ಚುಚ್ಚಿಕೊಂಡರೆ ಶುಗರ್ ಇಳಿದುಬಿಡುತ್ತದೆ ಅನ್ನುವ ಹೆದರಿಕೆ. ಕೇಳಿದವರಿಗೆ ಸರಿ ಅನಿಸುವ ಲೆಕ್ಕ, ಆದರೆ ತಿರುಗುಮುರುಗು. ಟೈಪ್ 1 ಇರುವವರು ಹುಷಾರು ತಪ್ಪಿದಾಗ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ಪ್ರಮಾಣ ಹೆಚ್ಚುಕಮ್ಮಿ ಆಗಬಹುದು, ಅದನ್ನು ಡಾಕ್ಟರು ಹೇಳುತ್ತಾರೆ. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಜೀವಕೋಶಕ್ಕೆ ಅದು ಸಿಗುವುದಿಲ್ಲ. ದೇಹ ಕೊಬ್ಬು ಕರಗಿಸಲು ಶುರುಮಾಡುತ್ತದೆ, ಅದರಿಂದ ಹುಟ್ಟುವ ಕೀಟೋನ್ ಅನ್ನುವ ವಸ್ತು ಹೆಚ್ಚುತ್ತದೆ (ನನ್ನ ಮೂಗಿಗೆ ಬಡಿದ ಅಸಿಟೋನ್ ಇದರಲ್ಲೊಂದು), ರಕ್ತ ಆಮ್ಲೀಯವಾಗುತ್ತದೆ. ಆ ಆಮ್ಲವನ್ನು ಹೊರಗೆ ತಳ್ಳಲು ಶ್ವಾಸಕೋಶ ಒದ್ದಾಡುವುದೇ ಆ ಆಳವಾದ ಉಸಿರು. ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಹೊಟ್ಟೆನೋವು, ಆಮೇಲೆ ಮಂಪರು. ಇದರಲ್ಲಿ ವಾಂತಿ, ಹೊಟ್ಟೆನೋವು ಎರಡನ್ನೇ ನೋಡಿದರೆ "ಏನೋ ತಿಂದಿದ್ದು ಸೇರಿಲ್ಲ" ಅಂತ ಯಾರಿಗಾದರೂ ಅನಿಸುತ್ತದೆ. ನಾನು ಆ ಎರಡನ್ನೇ ನೋಡಿದ್ದೆ. ಬಾಟಲಿಗಳನ್ನು ಎಣಿಸಿರಲಿಲ್ಲ.

ಇನ್ಸುಲಿನ್ ಚುಚ್ಚುಮದ್ದು ಮೊದಲ ಸಲ ಮನುಷ್ಯನ ಮೈಗೆ ಹೋಗಿದ್ದು 1922ರ ಜನವರಿಯಲ್ಲಿ, ಟೊರೊಂಟೊದಲ್ಲಿ, 14 ವರ್ಷದ ಒಬ್ಬ ಹುಡುಗನಿಗೆ. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಗು ಬದುಕುವುದು ಅಂದರೆ ದಿನ ಎಣಿಸುವುದೇ. ಈಗ ಔಷಧಿ ಹುಡುಗಿಯ ಬ್ಯಾಗಿನಲ್ಲೇ ಇತ್ತು. ಅವಳಿಗೂ ಔಷಧಿಗೂ ನಡುವೆ ಮೂರಡಿ ದೂರ.

ಇಲ್ಲಿಂದ ಮುಂದೆ ನನ್ನ ಅಭಿಪ್ರಾಯ. ಒಪ್ಪದವರು ಇದ್ದೇ ಇರುತ್ತಾರೆ, ಅದರಲ್ಲೂ ನನ್ನ ಸಹೋದ್ಯೋಗಿಗಳು.

ಪ್ರವಾಸದಲ್ಲಿ ಮಗುವಿಗೆ ಹುಷಾರು ತಪ್ಪಿದರೆ ನಮ್ಮ ಕೈಕಟ್ಟುವುದು ಅಜ್ಞಾನ ಅಷ್ಟೇ ಅಲ್ಲ, ವೇಳಾಪಟ್ಟಿ. ಬೆಳಗ್ಗೆ ಆರಕ್ಕೆ ತಿಂಡಿ, ಏಳಕ್ಕೆ ಬಸ್ಸು, ಒಂಬತ್ತಕ್ಕೆ ಟಿಕೆಟ್. ಒಂದು ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಒಬ್ಬ ಟೀಚರ್ ಕಡಿಮೆ, ಬಸ್ಸು ತಡ, ಉಳಿದ ನಲವತ್ನಾಲ್ಕು ಮಕ್ಕಳ ಮುಖ ಸಪ್ಪೆ, ಹೆಡ್‌ಮಾಸ್ಟರಿಗೆ ಫೋನು, ಅಪ್ಪ ಅಮ್ಮನಿಗೆ ಫೋನು. ಇಷ್ಟೆಲ್ಲ ಮಾಡಿ ಕೊನೆಗೆ ಬರೀ ಅಜೀರ್ಣ ಅಂತಾದರೆ? "ಇಷ್ಟಕ್ಕೇ ಇಷ್ಟು ಗಲಾಟೆನಾ ಮೇಡಂ?" ಅನ್ನುವ ಆ ಒಂದು ಮಾತಿಗೆ ನಾವು ಹೆದರಿದಷ್ಟು ಕಾಯಿಲೆಗೆ ಹೆದರುವುದಿಲ್ಲ. ಹನ್ನೊಂದೂವರೆಗೆ ನನ್ನ ತಲೆಯಲ್ಲಿ ಓಡಿದ್ದು ಇದೇ. ಬೇಕಾದರೆ ಈಗ "ವಾಹನ ಸಿಗುತ್ತಿರಲಿಲ್ಲ" ಅಂತ ಹೇಳಬಹುದು. ಎರಡು ಗಂಟೆಗೆ ಸಿಕ್ಕ ವಾಹನ ಹನ್ನೊಂದೂವರೆಗೆ ಸಿಗುತ್ತಿರಲಿಲ್ಲವೇ?

ಹಾಗಾಗಿ ಪ್ರವಾಸ ಹೊರಡುವ ಮುಂಚೆಯೇ ಒಬ್ಬರಿಗೆ ಪ್ರವಾಸ ಕೆಡಿಸುವ ಅಧಿಕಾರ ಕೊಡಬೇಕು. ಹೆಸರು ಹಿಡಿದು, ಬರವಣಿಗೆಯಲ್ಲಿ. ಅವರು "ಆಸ್ಪತ್ರೆ" ಅಂದರೆ ಆಸ್ಪತ್ರೆ, ಹಿರಿಯರ ಅಪ್ಪಣೆ ಕಾಯುವ ಮಾತಿಲ್ಲ, ವಾಪಸ್ ಬಂದ ಮೇಲೆ ವಿಚಾರಣೆಯೂ ಇಲ್ಲ. ಹತ್ತು ಸಲ ಸುಮ್ಮನೆ ಹೋಗಿ ಬಂದರೂ ಪರವಾಗಿಲ್ಲ. ಫಸ್ಟ್ ಏಡ್ ಪೆಟ್ಟಿಗೆ ಎಲ್ಲ ಶಾಲೆಯವರೂ ಒಯ್ಯುತ್ತಾರೆ. ಈ ಅಧಿಕಾರವನ್ನು ಕೊಟ್ಟು ಕಳಿಸಿದ ಶಾಲೆ ನಾನು ಕಂಡಿಲ್ಲ.

ಕಾನೂನಿನ ಮಾತು ಎತ್ತಿದರೆ ಟೀಚರುಗಳಿಗೆ ಸಿಟ್ಟು ಬರುತ್ತದೆ, ನನಗೂ ಬರುತ್ತಿತ್ತು. ಆದರೂ ಎರಡು ಮೂರು ತೀರ್ಪು ಓದಿಕೊಂಡ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು. ಇಂಗ್ಲೆಂಡಿನಲ್ಲಿ 1893ರಲ್ಲೇ ಒಂದು ಕೇಸು. ಶಾಲೆಯಲ್ಲಿಟ್ಟಿದ್ದ ರಂಜಕ (ಫಾಸ್ಫರಸ್) ಹುಡುಗರ ಕೈಗೆ ಸಿಕ್ಕಿ ಒಬ್ಬನಿಗೆ ಸುಟ್ಟಿತ್ತು. ಎಚ್ಚರವುಳ್ಳ ತಂದೆ ತನ್ನ ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಮೇಷ್ಟ್ರು ಹುಡುಗರನ್ನು ನೋಡಿಕೊಳ್ಳಬೇಕು ಅಂತ ಕೋರ್ಟು ಹೇಳಿತು. ಆ ಅಳತೆಗೋಲು ಇವತ್ತಿಗೂ ಬೇರೆ ಬೇರೆ ರೂಪದಲ್ಲಿ ಓಡಾಡುತ್ತಿದೆ. (ನಲವತ್ತೈದು ಮಕ್ಕಳ ತಂದೆಯನ್ನು ಆ ನ್ಯಾಯಾಧೀಶರು ಎಲ್ಲಿ ಕಂಡಿದ್ದರೋ!) ಅಮೆರಿಕದ ಕನೆಕ್ಟಿಕಟ್ಟಿನ ಒಂದು ಶಾಲೆಯಿಂದ 2007ರಲ್ಲಿ ಚೀನಾ ಪ್ರವಾಸಕ್ಕೆ ಹೋದ 15 ವರ್ಷದ ವಿದ್ಯಾರ್ಥಿನಿಗೆ ಉಣುಗು (ರಕ್ತ ಹೀರುವ ಉಣ್ಣೆ ಹುಳು) ಕಚ್ಚಿ ಹರಡುವ ಮಿದುಳಿನ ಉರಿಯೂತ ಬಂತು, ಅವಳಿಗೆ ಮಾತೇ ಹೋಯಿತು. ಕಾಡಿರುವ ಬೆಟ್ಟಕ್ಕೆ ಕರೆದುಕೊಂಡು ಹೋಗುವ ಮುಂಚೆ ಹುಳುಹುಪ್ಪಟೆಗಳ ಬಗ್ಗೆ ಸರಿಯಾಗಿ ಎಚ್ಚರಿಸಲಿಲ್ಲ ಅಂತ ಜ್ಯೂರಿ 4.15 ಕೋಟಿ ಡಾಲರ್ ಪರಿಹಾರ ಕೊಡಿಸಿತು. 2017ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ಎಚ್ಚರಿಸುವುದು ಮತ್ತು ಕಾಪಾಡುವುದು ಶಾಲೆಯ ಹೊಣೆ ಹೌದು ಅಂದಿತು.

"ಎಲ್ಲ ಟೂರ್ ಏಜೆನ್ಸಿಯವರದ್ದು, ನಮ್ಮದೇನಿಲ್ಲ" ಅನ್ನುವವರಿಗೂ ಒಂದು ಉತ್ತರ ಸಿಕ್ಕಿದೆ. ಬ್ರಿಟನ್ನಿನ ಸುಪ್ರೀಂ ಕೋರ್ಟಿನ 2013ರ ತೀರ್ಪು. ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದ ಈಜಿನ ಪಾಠದಲ್ಲಿ ಹತ್ತು ವರ್ಷದ ಹುಡುಗಿಯ ಮಿದುಳಿಗೆ ಹಾನಿಯಾಗಿತ್ತು. ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಹೊಣೆಯನ್ನು ದಾಟಿಸಲಾಗದು ಅನ್ನುವುದು ಅದರ ತಿರುಳು. ಇದನ್ನು ಓದಿದಾಗ ನನಗೆ ಸಮಾಧಾನವೇ ಆಯಿತು. ಹೊಣೆ ಶಾಲೆಯದ್ದು ಅಂದರೆ, ಆ ರಾತ್ರಿ ಒಬ್ಬಳೇ ಇದ್ದ ಕಿರಿಯ ಟೀಚರಿನ ಕುತ್ತಿಗೆಗೆ ಮಾತ್ರ ಹಗ್ಗ ಹಾಕಿ ಆಡಳಿತ ಮಂಡಳಿ ಕೈತೊಳೆದುಕೊಳ್ಳುವಂತಿಲ್ಲ.

ಹದಿಹರೆಯದವರ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಚಿಕ್ಕ ಮಕ್ಕಳ ಕಥೆಯೇ ಬೇರೆ. ಆರು ವರ್ಷದ ಮಗುವಿಗೆ ನೋವಾದರೆ ಊರಿಗೇ ಕೇಳುವಂತೆ ಅಳುತ್ತದೆ. ಹದಿನೈದು ವರ್ಷದವರು ನೋವನ್ನು ಬಚ್ಚಿಡುತ್ತಾರೆ. ಗೆಳೆಯರು ನಗುತ್ತಾರೆ, ಮನೆಗೆ ಕಳಿಸಿಬಿಡುತ್ತಾರೆ, ಎಲ್ಲರ ಟ್ರಿಪ್ಪು ನನ್ನಿಂದ ಹಾಳಾಗುತ್ತದೆ. ಹುಡುಗರಲ್ಲಿ ವೃಷಣ ತಿರುಚಿಕೊಳ್ಳುವುದು ಅಂತ ಒಂದಿದೆ, ಹೆಚ್ಚಾಗಿ ಈ ವಯಸ್ಸಿನಲ್ಲೇ. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು, ಆಮೇಲೆ ಗಂಟೆಗಂಟೆಗೂ ಕಡಿಮೆ. ಯಾವ ಹುಡುಗ ಬಂದು ನನ್ನ ಮುಂದೆ ಇದನ್ನು ಹೇಳುತ್ತಾನೆ? "ಹೊಟ್ಟೆನೋವು ಟೀಚರ್" ಅಂತಾನೆ. ಹುಡುಗಿಯರ ಹೊಟ್ಟೆನೋವನ್ನು ಕೇಳುವ ಮುಂಚೆಯೇ "ಮುಟ್ಟಿನದ್ದಿರಬೇಕು" ಅಂತ ನಾವೇ ತೀರ್ಪು ಕೊಟ್ಟುಬಿಡುತ್ತೇವೆ, ಅಪೆಂಡಿಕ್ಸ್ ಊದಿಕೊಳ್ಳುವುದೂ ಇದೇ ವಯಸ್ಸಿನಲ್ಲಿ ಹೆಚ್ಚು ಅನ್ನುವುದು ನೆನಪಾಗುವುದಿಲ್ಲ. ಜ್ವರ, ತಲೆನೋವು, ಕತ್ತು ಬಗ್ಗಿಸಲಾಗದು, ಬೆಳಕು ಕಣ್ಣಿಗೆ ಚುಚ್ಚುತ್ತದೆ ಅಂದರೆ ಮಾತ್ರೆ ಕೊಟ್ಟು ಮಲಗಿಸುವುದಲ್ಲ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಇದ್ದರೆ ಅದು ಬೆಳಗಾಗುವವರೆಗೆ ಕಾಯುವುದಿಲ್ಲ. ಬಿಸಿಲಲ್ಲಿ ನಡೆಸಿದ ಹುಡುಗ ತಡವರಿಸಿ ಏನೇನೋ ಮಾತಾಡತೊಡಗಿದರೆ ಅದು ಸುಸ್ತಲ್ಲ. ಆಂಬುಲೆನ್ಸಿಗೆ ಫೋನು ಹೋಗಲಿ, ಅದು ಬರುವವರೆಗೆ ಸುಮ್ಮನೆ ಕೂರಬಾರದು, ನೀರು ಸುರಿದು ಮೈ ತಣ್ಣಗೆ ಮಾಡುತ್ತಲೇ ಇರಬೇಕು.

ಇದೆಲ್ಲ ಟೀಚರಿಗೆ ಗೊತ್ತಿರಬೇಕಾ? ನಾವೇನು ಡಾಕ್ಟರುಗಳಾ? ಸ್ಟಾಫ್ ರೂಮಿನಲ್ಲಿ ನನಗೆ ಎದುರಾದ ಪ್ರಶ್ನೆ ಇದು. ಅಲ್ಲ, ಕಾಯಿಲೆ ಪತ್ತೆ ಮಾಡುವುದು ನಮ್ಮ ಕೆಲಸ ಅಲ್ಲವೇ ಅಲ್ಲ. ಆದರೆ "ಏನೂ ಇಲ್ಲ, ಸರಿಹೋಗುತ್ತೆ" ಅನ್ನುವುದೂ ಒಂದು ರೋಗನಿರ್ಣಯವೇ. ಅದನ್ನು ಕೊಡಲು ನಾವು ಯಾವ ಡಾಕ್ಟರುಗಳು?

ಫೋನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಪ್ರವಾಸದಲ್ಲಿ ರಾತ್ರಿ ಒಂಬತ್ತಕ್ಕೆ ಮಕ್ಕಳ ಫೋನೆಲ್ಲ ಕಿತ್ತು ಚೀಲಕ್ಕೆ ಹಾಕುವುದು ನಮ್ಮ ಶಿಸ್ತು. ಈಗ ಡಯಾಬಿಟಿಸ್ ಇರುವ ಎಷ್ಟೋ ಮಕ್ಕಳ ತೋಳಿನಲ್ಲಿ ಸೆನ್ಸರ್ ಇರುತ್ತದೆ, ಶುಗರ್ ಏರಿದರೂ ಇಳಿದರೂ ಅದು ಕೂಗುವುದು ಫೋನಿನಲ್ಲಿ. ಫೋನು ಚೀಲದಲ್ಲಿ, ಚೀಲ ಟೀಚರ್ ರೂಮಿನ ಕಪಾಟಿನಲ್ಲಿ. ಯಾರಿಗೆ ಕೇಳಬೇಕು ಆ ಕೂಗು? ಇನ್ಹೇಲರ್, ತೀವ್ರ ಅಲರ್ಜಿಯಾದಾಗ ಚುಚ್ಚುವ ಅಡ್ರಿನಲಿನ್ ಪೆನ್ನುಗಳನ್ನು "ಜೋಪಾನವಾಗಿ" ಬ್ಯಾಗಿನಲ್ಲಿಟ್ಟು ಬ್ಯಾಗನ್ನು ಡಿಕ್ಕಿಗೆ ಹಾಕುವುದೂ ಇದೇ ಜಾತಿಯ ಜಾಣತನ. ಬಿಸಿಲಲ್ಲಿ ನಿಂತ ಬಸ್ಸಿನೊಳಗೆ ಇನ್ಸುಲಿನ್ ಕೆಟ್ಟುಹೋಗುತ್ತದೆ ಅನ್ನುವುದು ನನಗೂ ತಡವಾಗಿ ಗೊತ್ತಾಗಿದ್ದು.

ಪೋಷಕರಿಗೂ ಒಂದು ಮಾತು. ಕಾಯಿಲೆ ಹೇಳಿದರೆ ಕರೆದುಕೊಂಡು ಹೋಗುವುದಿಲ್ಲ ಅಂತ ಫಾರ್ಮಿನಲ್ಲಿ "ಇಲ್ಲ" ಅಂತ ಬರೆದು ಕಳಿಸುವವರಿದ್ದಾರೆ. ನಿಮ್ಮನ್ನು ಬೈಯಲಾರೆ. ಫಿಟ್ಸ್ ಇದೆ ಅಂತ ನಿಜ ಬರೆದ ಹುಡುಗನನ್ನು ಪ್ರವಾಸದ ಪಟ್ಟಿಯಿಂದ ಕೈಬಿಟ್ಟಿದ್ದನ್ನು ನಾನು ನೋಡಿದ್ದೇನೆ, ಆ ಮೀಟಿಂಗಿನಲ್ಲಿ ಬಾಯಿ ಬಿಡದೆ ಕೂತಿದ್ದೇನೆ. ನಿಜ ಹೇಳಿದ್ದಕ್ಕೆ ಶಿಕ್ಷೆ ಕೊಟ್ಟು ಆಮೇಲೆ "ನಮಗೆ ಹೇಳಲೇ ಇಲ್ಲ" ಅನ್ನುವ ಹಕ್ಕು ನಮಗೆಲ್ಲಿದೆ?

ಆ ರೂಮ್‌ಮೇಟ್ ಹುಡುಗಿಯನ್ನು ಮಾರನೇ ದಿನ ಕೇಳಿದೆ, ಮೊದಲೇ ಯಾಕೆ ಬಂದು ಹೇಳಲಿಲ್ಲ ಅಂತ. ಹನ್ನೆರಡೂವರೆಗೇ ಅವಳಿಗೆ ಭಯವಾಗಿತ್ತಂತೆ. "ಹತ್ತು ಗಂಟೆ ಮೇಲೆ ರೂಮಿಂದ ಆಚೆ ಕಾಲಿಟ್ರೆ ಮನೆಗೆ ಕಳಿಸ್ತೀವಿ ಅಂದಿದ್ರಲ್ಲ ಟೀಚರ್." ಅಂದವಳು ನಾನೇ. ಬಸ್ಸಿನಲ್ಲಿ ಮೈಕ್ ಹಿಡಿದು, ಎರಡು ಸಲ.

ಆಮೇಲೆ ಹೋದ ಪ್ರವಾಸಗಳಲ್ಲಿ ಮೈಕಿನಲ್ಲಿ ಬೇರೆ ಮಾತು ಹೇಳುತ್ತೇನೆ. ಕಾರಿಡಾರಿನ ಕೊನೆಯ ರೂಮು ನನ್ನದು, ಬಾಗಿಲು ಹಾಕಿರಲ್ಲ, ಎಷ್ಟು ಹೊತ್ತಿಗಾದರೂ ಬನ್ನಿ, ನಿಮಗೆ ಹುಷಾರಿಲ್ಲ ಅಂತಲೇ ಆಗಬೇಕಿಲ್ಲ, ಪಕ್ಕದವರು ಸರಿಯಿಲ್ಲ ಅನಿಸಿದರೂ ಬನ್ನಿ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಯಾರು, ಎಷ್ಟು ಹೊತ್ತಿಗೆ, ಏನಾಯಿತು, ಏನು ಕುಡಿದರು, ಏನು ಔಷಧಿ ತಗೊಂಡರು, ಮತ್ತೆ ಯಾವಾಗ ನೋಡಿದೆ, ಎಬ್ಬಿಸಿದಾಗ ಸರಿಯಾಗಿ ಮಾತಾಡಿದರಾ. ಎರಡೆರಡು ಗಂಟೆಗೆ ಟೀಚರುಗಳು ಪಾಳಿ ಬದಲಿಸುತ್ತೇವೆ, ನೋಟ್‌ಬುಕ್ಕೂ ಕೈ ಬದಲಿಸುತ್ತದೆ. ನಿದ್ದೆಗೆಟ್ಟ ಕಣ್ಣು ಕೆಂಪಗಾಗಿರುತ್ತದೆ, ಬೆಳಗ್ಗೆ ಗೈಡ್ ಹೇಳುವ ಇತಿಹಾಸ ಒಂದಕ್ಷರ ತಲೆಗೆ ಹೋಗುವುದಿಲ್ಲ.

ಮೊನ್ನೆಯ ಪ್ರವಾಸದಲ್ಲಿ ನಡುರಾತ್ರಿ ಎರಡು ಹತ್ತಕ್ಕೆ ಒಬ್ಬ ಹುಡುಗ ಬಂದು ಬಾಗಿಲ ಹತ್ತಿರ ನಿಂತ. ಏನೋ ಅಂದೆ. ಕೆಮ್ಮು ಅಂದ. ಉಸಿರು ನೋಡಿದೆ, ಹಣೆ ಮುಟ್ಟಿದೆ, ಬಿಸಿನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, "ಸುಮ್ನೆ ಎಬ್ಬಿಸಿಬಿಟ್ಟೆ ಟೀಚರ್, ಸಾರಿ" ಅಂದ.

"ಎಬ್ಬಿಸೋಕೇ ಕಣೋ ನಾನು ಬಂದಿರೋದು" ಅಂದೆ. ಅವನು ಹೋದ ಮೇಲೆ ನೋಟ್‌ಬುಕ್ ತೆಗೆದು ಬರೆದೆ. 2.10, ಕೆಮ್ಮು, ಜ್ವರ ಇಲ್ಲ, ಬಿಸಿನೀರು, 4ಕ್ಕೆ ಮತ್ತೆ ನೋಡಬೇಕು.