ಹಳೇ ಧಾರಾವಾಹಿಗೆ ಹೊಸ ಓಟಿಪಿ

ಮದುವೆ ಊಟದ ಪಂಕ್ತಿಯಲ್ಲಾಗಲಿ, ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಚಹಾದಂಗಡಿಯಲ್ಲಾಗಲಿ, ಬೀದರ್ ರೈಲಿನಲ್ಲಾಗಲಿ, ಐವತ್ತು ದಾಟಿದ ನಾಲ್ಕು ಮಂದಿ ಕೂಡಿದರೆ ಈ ಮಾತು ಬಂದೇ ಬರುತ್ತದೆ: “ಈಗಿನವು ಅವೇನ್ ಸೀರಿಯಲ್‌ರೀ? ಆ ಹಳೀದ್ ಇತ್ತಲ್ಲ, ಅದನ್ನ ಮತ್ತ ಹಚ್ಚಬೇಕ್ ನೋಡ್ರಿ.” ನಾಲ್ವರೂ ಹೌದ್ರಿ ಹೌದ್ರಿ ಎಂದು ತಲೆಯಾಡಿಸುತ್ತಾರೆ. ಯಾವುದನ್ನು ಹಚ್ಚಬೇಕು ಎಂದು ಕೇಳಿದರೆ ಮಾತ್ರ ನಾಲ್ಕು ಹೆಸರು ಬರುತ್ತವೆ, ವಾದ ಶುರುವಾಗುತ್ತದೆ, ಅಷ್ಟರಲ್ಲಿ ಯಾರೋ ಇನ್ನೊಂದು ಪ್ಲೇಟ್ ಭಜಿ ತಂದಿಡುತ್ತಾರೆ.

ಹಾಗೆ ಕೇಳುವ ಹಕ್ಕು ಈ ಕಡೆಯವರಿಗೆ ಒಂದು ಗುಲಗಂಜಿ ಹೆಚ್ಚೇ ಇದೆ. 1975ರ ಆಗಸ್ಟ್ 1ರಂದು ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೀವಿ ತೋರಿಸುವ ಸೈಟ್ ಯೋಜನೆ ಶುರುವಾದಾಗ ಕರ್ನಾಟಕದಿಂದ ಆರಿಸಿದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲಬರ್ಗಾದೊಳಗೇ ಇತ್ತು. ಕನ್ನಡದ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ತಂತಿಬಲೆಯ ದೊಡ್ಡ ಕೊಡೆಯಂಥ ಆಂಟೆನಾ ಕೆಳಗೆ ಇಡೀ ಊರು ಕೂತು ಒಂದೇ ಪೆಟ್ಟಿಗೆ ನೋಡುತ್ತಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರಿನಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ಟೀವಿ ಕಂಡ ಸೀಮೆ ಇದು. ಕನ್ನಡ ಧಾರಾವಾಹಿಯ ಮನೆ ಮಾತ್ರ ಅಂದಿನಿಂದ ಇಂದಿನವರೆಗೆ ಬೆಂಗಳೂರು–ಮೈಸೂರಿನ ಕಡೆಯೇ ಉಳಿಯಿತು.

“ಮತ್ತ ಹಚ್ಚಬೇಕು” ಎಂಬ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಹಳೇ ಟೇಪನ್ನೇ ತೊಳೆದು ತೋರಿಸುವುದು ಒಂದು. ಅದೇ ಕಥೆಯನ್ನು ಹೊಸ ನಟರಿಂದ ಮಾಡಿಸುವುದು ಇನ್ನೊಂದು. ಅದೇ ಮನೆಯ ಬಾಗಿಲನ್ನು ಇಪ್ಪತ್ತೈದು ವರ್ಷದ ನಂತರ ತೆರೆಯುವುದು ಮೂರನೆಯದು. ಖರ್ಚು ಬೇರೆ, ಕಷ್ಟ ಬೇರೆ, ಕೈಕೊಡುವ ಜಾಗವೂ ಬೇರೆ.

ಟೇಪಿನ ಕೆಲಸ ಸಲೀಸು ಅನ್ನಿಸುತ್ತದೆ. ಅಲ್ಲೇ ಎಡವುತ್ತಾರೆ. ಎಂಬತ್ತರ ದಶಕದ್ದಾದರೆ ಮುಕ್ಕಾಲು ಇಂಚಿನ ಯು-ಮ್ಯಾಟಿಕ್, ತೊಂಬತ್ತರದ್ದಾದರೆ ಅರ್ಧ ಇಂಚಿನ ಬೀಟಾಕ್ಯಾಮ್. ಟೇಪ್ ದುಬಾರಿಯಾಗಿದ್ದ ಕಾಲದಲ್ಲಿ ಒಂದರ ಮೇಲೆ ಇನ್ನೊಂದು ಮುದ್ರಿಸಿದ್ದೂ ಉಂಟು. ಡಬ್ಬಿಯ ಮೇಲಿನ ಚೀಟಿ ನಂಬಿ ಒಳಗಿನದನ್ನು ನಂಬಬಾರದು. ವರ್ಷಗಟ್ಟಲೆ ತೇವ ಹೀರಿದ ಟೇಪಿನ ಅಂಟು ಪಸೆಯಾಗುತ್ತದೆ. ಅದನ್ನು ನೇರ ಯಂತ್ರಕ್ಕೆ ಹಾಕಿದರೆ ಹೆಡ್‌ಗೆ ಮೆತ್ತಿಕೊಂಡು ಚಿತ್ರ ನಿಲ್ಲುತ್ತದೆ, ಟೇಪಿನ ಪದರವೂ ಕಿತ್ತುಬರುತ್ತದೆ. ಅಂಥದನ್ನು ಐವತ್ತು–ಐವತ್ತೈದು ಡಿಗ್ರಿಯ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ತಣ್ಣಗಾದ ಮೇಲೆ ತಡಮಾಡದೆ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಒಣಗಿಸಿದ ಗುಣ ಕೆಲವು ವಾರ ಮಾತ್ರ ಇರುತ್ತದೆ. ಕಲಬುರಗಿಯ ಮೇ ತಿಂಗಳ ಮಾಳಿಗೆಯಲ್ಲಿ ಇಟ್ಟರೆ ಆದೀತಲ್ಲ ಎಂದು ಯಾರಾದರೂ ಸಲಹೆ ಕೊಟ್ಟರೆ ನಕ್ಕು ಸುಮ್ಮನಾಗುವುದು ಒಳ್ಳೆಯದು. ಶಾಖ ಒಂದೇ ಮಟ್ಟದಲ್ಲಿ ನಿಲ್ಲಬೇಕು, ಧೂಳು ಸೋಕಬಾರದು. ಮಾಳಿಗೆಯಲ್ಲಿ ಎರಡೂ ನಡೆಯುವುದಿಲ್ಲ.

ಇಳಿಸಿಕೊಂಡ ಮೇಲೆ ಇನ್ನೊಂದು ಅನಾಹುತ ಕಾದಿರುತ್ತದೆ. ಹಳೇ ಚಿತ್ರದ ಚೌಕಟ್ಟು ನಾಲ್ಕಕ್ಕೆ ಮೂರು, ಈಗಿನ ಟೀವಿಯದು ಹದಿನಾರಕ್ಕೆ ಒಂಬತ್ತು. ಎಳೆದು ತುಂಬಿಸಿದರೆ ಬಡ ಗುಮಾಸ್ತನೂ ಸಾಹುಕಾರನ ಮೈಕಟ್ಟಿನಲ್ಲಿ ಕಾಣುತ್ತಾನೆ. ಕತ್ತರಿಸಿ ತುಂಬಿಸಿದರೆ ಚಿತ್ರದ ಎತ್ತರದಲ್ಲಿ ಕಾಲುಭಾಗ ಹೋಗುತ್ತದೆ: ಮೇಲೆ ಹಣೆಯ ಕುಂಕುಮ, ಕೆಳಗೆ ಅಕ್ಕಿ ಆರಿಸುವ ಕೈ. ಹಳೇ ನಿರ್ದೇಶಕರು ಅರ್ಧ ನಟನೆಯನ್ನು ಆ ಕೈಗೇ ಬಿಟ್ಟಿರುತ್ತಿದ್ದರು. ಎರಡೂ ಬದಿ ಕಪ್ಪು ಪಟ್ಟಿ ಬಿಟ್ಟು ಇದ್ದಂತೆ ತೋರಿಸುವುದೇ ಸರಿ. ಈಚೆಗೆ ಎಐ ಹಾಕಿ ಮುಖ ನುಣ್ಣಗೆ ಮಾಡುವ ಚಟವೂ ಹತ್ತಿದೆ. ಅಡ್ಡಗೆರೆ ಬರೀ 576 ಇರುವ ಆಗಿನ ಟೀವಿ ಚಿತ್ರದಲ್ಲಿ ಇಲ್ಲದ ವಿವರವನ್ನು ಯಂತ್ರ ಊಹಿಸಿ ತುಂಬುತ್ತದೆ. ಅಜ್ಜಿಯ ಸುಕ್ಕು ಮಾಯವಾಗಿ ಮೇಣದ ಅಜ್ಜಿ ಬರುತ್ತಾಳೆ.

ಕಾಗದಪತ್ರದ ತಲೆನೋವು ಬೇರೆ. ಹಳೇ ಕರಾರಿನಲ್ಲಿ ಮೊಬೈಲ್, ಓಟಿಟಿ ಎಂಬ ಮಾತೇ ಇರುವುದಿಲ್ಲ. ಹಕ್ಕು ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎನ್ನುತ್ತದೆ ಕೃತಿಸ್ವಾಮ್ಯ ಕಾಯ್ದೆ. ದುಬೈನಲ್ಲಿರುವ ಮಗಳೂ ನೋಡಲಿ ಎಂದರೆ ಬರೆದವರ, ಸಂಗೀತ ಕೊಟ್ಟವರ ವಾರಸುದಾರರನ್ನು ಹುಡುಕಿಕೊಂಡು ಹೋಗಬೇಕು.

ಹಳೇ ಟೇಪಿನ ಗೆಲುವಿಗೆ ಎಲ್ಲರೂ ಕೊಡುವ ಉದಾಹರಣೆ 2020ರ ಮಾರ್ಚ್ 28ರಿಂದ ದೂರದರ್ಶನ ಮತ್ತೆ ತೋರಿಸಿದ ರಾಮಾಯಣ. ಆ ಹೊತ್ತಿಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು ಮನೆಯಲ್ಲಿತ್ತೆಂಬುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೇ ಮನೆಯ ಬಾಗಿಲು ತೆರೆಯುವ ಮೂರನೇ ದಾರಿ ಹಿಡಿದದ್ದು ನಿರ್ದೇಶಕ ಟಿ. ಎನ್. ಸೀತಾರಾಮ್ ಬಳಗ: 1998ರ ‘ಮಾಯಾಮೃಗ’ಕ್ಕೆ 2022ರಲ್ಲಿ ‘ಮತ್ತೆ ಮಾಯಾಮೃಗ’. ಈ ಮೂರನೆಯದೇ ಸ್ವಾರಸ್ಯದ ಕೆಲಸ. ವಯಸ್ಸಿನ ಲೆಕ್ಕವೇ ಕಥೆ ಹುಟ್ಟಿಸುತ್ತದೆ. ಇಪ್ಪತ್ತರ ಪ್ರಾಯದಲ್ಲಿ ಅತ್ತೆಯ ಕೈಯಲ್ಲಿ ನಲುಗಿದ ಹುಡುಗಿಗೆ ಈಗ ನಲವತ್ತೈದು ದಾಟಿದೆ, ಅವಳ ಮಗನಿಗೆ ಕನ್ಯೆ ನೋಡುತ್ತಿದ್ದಾರೆ. ಹಳೇ ಪ್ರೇಕ್ಷಕರಿಗೆ ಅವಳ ಕಣ್ಣೀರು ನೆನಪಿದೆ. ಹೊಸಬರಿಗೆ ಕಾಣುವುದು ಅವಳ ಕೈಯಲ್ಲಿರುವ ಬೀಗದ ಕೈಗೊಂಚಲು. ಖಳರಿಲ್ಲದೆ ನೂರು ಕಂತು ನಡೆಯುವಷ್ಟು ಸರಕು ಅಷ್ಟರಲ್ಲೇ ಇದೆ.

ಈಗಿನ ದಿನನಿತ್ಯದ ಧಾರಾವಾಹಿಗೆ ನೂರು ಕಂತು ಎಂದರೆ ದೊಡ್ಡ ಸಂಖ್ಯೆಯಲ್ಲ, ಗೊತ್ತಿರಲಿ. ಮೊದಲೆಲ್ಲ ಧಾರಾವಾಹಿ ವಾರಕ್ಕೊಂದರಂತೆ ಹದಿಮೂರು ಕಂತಿನ ಮಂಜೂರಾತಿ ಪಡೆದು, ಜನ ಮೆಚ್ಚಿದರೆ ಇಪ್ಪತ್ತಾರು, ಐವತ್ತೆರಡು ಎಂದು ಬೆಳೆಯುತ್ತಿತ್ತು. ಆ ಐವತ್ತೆರಡು ಕಂತಿನ, ವರ್ಷಪೂರ್ತಿಯ ಕಥೆಯನ್ನು ವಾರಕ್ಕೆ ಆರು ದಿನ ಉಣಬಡಿಸಿದರೆ ಒಂಬತ್ತು ವಾರಕ್ಕೆ ಪಾತ್ರೆ ಖಾಲಿ. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದು ಕಥೆಗೆ ಸಿಗುವುದು ಇಪ್ಪತ್ತೆರಡು ನಿಮಿಷದ ಆಸುಪಾಸು. ದಿನಕ್ಕೊಂದು ಕಂತು ಚಿತ್ರೀಕರಿಸಿ, ಹತ್ತು–ಹದಿನೈದು ಕಂತು ಮುಂಗಡ ಇಟ್ಟುಕೊಂಡಿರಬೇಕು. ನಾಯಕಿಗೆ ಜ್ವರ ಬಂದು ಆ ಮುಂಗಡ ಕರಗಿದಾಗ ಬರಹಗಾರರಿಗೆ ಹಳೇ ನೆಂಟರೆಲ್ಲ ನೆನಪಾಗುತ್ತಾರೆ: ನೆನಪು ಹಾರಿದವಳು, ಅವಳಿ ತಂಗಿ, ಪಾಯಸಕ್ಕೆ ವಿಷ ಹಾಕುವವಳು. ಒಂದು ಸಾಸಿವೆ ಡಬ್ಬಿ ಬಿದ್ದ ಸದ್ದಿಗೆ ಹನ್ನೊಂದು ಮುಖಗಳನ್ನು ಮೂರು ಮೂರು ಸಲ ತೋರಿಸುವುದೂ ಈ ಕೊರತೆಯ ಕೂಸೇ.

ಹೊಸ ಕಾಲದಲ್ಲಿ ಹಳೇ ಕಥೆಯ ಕಾಲು ಮುರಿಯುವುದು ಮೊಬೈಲು. ಆಗಿನ ಸಂಸಾರದ ಗೋಳು ನಿಂತಿದ್ದದ್ದೇ ಸುದ್ದಿ ತಲುಪದಿರುವುದರ ಮೇಲೆ. ಕಾಗದ ತಪ್ಪು ಕೈಗೆ ಬೀಳುತ್ತಿತ್ತು, ಟ್ರಂಕ್ ಕಾಲ್ ನಡುವೆ ಕಟ್ಟಾಗುತ್ತಿತ್ತು, ಬಸ್ ನಿಲ್ದಾಣದಲ್ಲಿ ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಿ ಹೋಗುತ್ತಿದ್ದರು. ಈಗ ಒಂದು ವಾಯ್ಸ್ ಮೆಸೇಜು ಸಾಕು, ಎರಡನೇ ಕಂತಿಗೇ ತಪ್ಪು ತಿಳಿವಳಿಕೆ ಬಗೆಹರಿಯುತ್ತದೆ. ಸೋಮಾರಿ ಬರಹಗಾರ ಫೋನಿನ ಚಾರ್ಜ್ ಮುಗಿಸುತ್ತಾನೆ, ಇಲ್ಲವೇ ಅದನ್ನು ಬಾವಿಗೆ ಬೀಳಿಸುತ್ತಾನೆ. ಬಲ್ಲವನು ಫೋನನ್ನೇ ಮನೆಯ ಒಬ್ಬ ಸದಸ್ಯನನ್ನಾಗಿ ಮಾಡಿಕೊಳ್ಳುತ್ತಾನೆ.

ಓಟಿಪಿಯನ್ನೇ ನೋಡಿ. ಗ್ಯಾಸು, ಬ್ಯಾಂಕು, ಪಿಂಚಣಿ ಎಲ್ಲಕ್ಕೂ ಮುತ್ಯಾನ, ಅಂದರೆ ಮನೆಯ ಅಜ್ಜನ, ಬಟನ್ ಫೋನಿನ ನಂಬರೇ ಕೊಟ್ಟಿರುತ್ತದೆ. ಮೂರು ವರ್ಷದಿಂದ ಮಾತು ಬಿಟ್ಟ ಸಣ್ಣ ಮಗ ಬೆಂಗಳೂರಿನಲ್ಲಿ ಕೂತು ಜಂಟಿ ಖಾತೆಯ ದುಡ್ಡು ತೆಗೆಯಬೇಕಾದರೂ ಆರು ಅಂಕಿ ಬರುವುದು ಆಳಂದ ತಾಲೂಕಿನ ಪಡಸಾಲೆಗೆ. ಅಂಕಿ ಬದುಕಿರುವುದು ಕೆಲವೇ ನಿಮಿಷ. “ಅಪ್ಪಾ, ನಾನ್ರಿ. ಫೋನಿಗಿ ಒಂದ್ ನಂಬರ್ ಬಂದದೇನ್ ನೋಡ್ರಿ.” “ಯಾವನಪಾ ನೀ?” ಇಲ್ಲಿಗೆ ಬ್ರೇಕ್ ಕೊಡಬಹುದು. ಮುತ್ಯಾನಿಗೆ ಚಷ್ಮಾ ಸಿಗುವುದಿಲ್ಲ, ಮೊಮ್ಮಗಳು ಓದಿ ಹೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ, ಮಗ ಮತ್ತೆ ಫೋನ್ ಮಾಡಲೇಬೇಕು. ಹಿನ್ನೆಲೆ ಸಂಗೀತದ ಗುಡುಗಿಲ್ಲದೆ ತಂದೆ–ಮಗನನ್ನು ಒಂದೇ ಸಂಜೆ ಮೂರು ಸಲ ಮಾತಾಡಿಸಿದಂತಾಯಿತು. ಮನೆಯವರ ವಾಟ್ಸಾಪ್ ಗ್ರೂಪಿನಲ್ಲೂ ಇಂಥದ್ದೇ ಸರಕು. ಯಾರಾದರೂ ಗ್ರೂಪ್ ಬಿಟ್ಟರೆ 2022ರಿಂದ ಆ ಸೂಚನೆ ಹೋಗುವುದು ಅಡ್ಮಿನ್‌ಗೆ ಮಾತ್ರ. ಅಡ್ಮಿನ್ ದೊಡ್ಡ ವೈನಿ, ಅಂದರೆ ಹಿರಿಯ ಅತ್ತಿಗೆ. ಸೂಚನೆ ಬಂದದ್ದು ಅವಳಿಗಷ್ಟೇ, ಹೇಳಬೇಕೋ ಬೇಡವೋ? ಫೋನಿನಿಂದ ಹಣ ಬಂದೊಡನೆ ಕಿರಾಣಿ ಅಂಗಡಿಯ ಸ್ಪೀಕರ್ ಪೆಟ್ಟಿಗೆಯು ಮೊತ್ತವನ್ನು ಓಣಿಗೆಲ್ಲ ಕೇಳುವಂತೆ ಕೂಗುವಾಗ ಗುಟ್ಟಿನ ಸಾಲ ತೀರಿಸುವುದು ಹೇಗೆ ಎಂಬುದೂ ಒಂದು ಕಂತಿನ ಮಾತು.

ಫೋನಿಗಿಂತ ದೊಡ್ಡದಾಗಿ ಬದಲಾದದ್ದು ಆಸ್ತಿಯ ಕಾನೂನು. ಇದನ್ನು ಮರೆತು ಹಳೇ ಕಥೆ ಎತ್ತಿಕೊಂಡರೆ ವಕೀಲರ ಮನೆಯವರು ನಗುತ್ತಾರೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ, ಅಷ್ಟೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಕೊಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಒಂದು ತಡೆ ಉಂಟು: 2004ರ ಡಿಸೆಂಬರ್ 20ಕ್ಕೂ ಮುಂಚೆ ವಾಟ್ನಿ, ಅಂದರೆ ಆಸ್ತಿಯ ಪಾಲುಪಟ್ಟಿ, ನೋಂದಣಿಯಾಗಿದ್ದರೆ ಅದನ್ನು ಕೆದಕುವಂತಿಲ್ಲ. ಹಿರಿಯರು ಕಟ್ಟೆಯ ಮೇಲೆ ಕೂತು ಬಾಯಿಮಾತಿನಲ್ಲಿ ಮಾಡಿದ ವಾಟ್ನಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಂದರೆ ಟ್ರಂಕಿನ ತಳದ ಒಂದು ಕಾಗದ, ಅದರ ಮೇಲಿನ ಒಂದು ತಾರೀಖು, ಮೂವತ್ತು ಕಂತಿಗೆ ಸಾಕು. ಹಳೇ ಧಾರಾವಾಹಿಯಲ್ಲಿ ಪಂಚಮಿಗೆ ಅಣ್ಣ ಕರೆಯಲು ಬಂದರೆ ತಂಗಿಗೆ ಸಂಭ್ರಮ. ಈಗ ಸೀರೆ, ಅಳ್ಳು, ಉಂಡಿಯ ಡಬ್ಬಿ ಹಿಡಿದು ಬಂದ ಅಣ್ಣ, ಜೋಕಾಲಿ ಆಡಿ ಮುಗಿದ ಮೇಲೆ “ತಂಗೀ, ಸಬ್ ರಜಿಸ್ಟ್ರಾರ್ ಆಫೀಸಿನ ತನಕ ಒಂದ್ ಸಲ ಬಂದ್ ಹೋಗವ್ವಾ” ಎನ್ನುತ್ತಾನೆ. ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಬೇಕು. ತವರು ಬೇಕೋ ಪಾಲು ಬೇಕೋ ಎಂದು ಅವಳು ಲೆಕ್ಕ ಹಾಕುತ್ತಾಳೆ. ಅಣ್ಣನೂ ಕೆಟ್ಟವನೇನಲ್ಲ; ಅವನಿಗೆ ಇರುವುದೇ ನಾಲ್ಕು ಎಕರೆ, ಅದರಲ್ಲಿ ತೊಗರಿ.

ಕಥೆಯನ್ನು ಈ ಕಡೆಗೆ ತರುವುದಾದರೆ ತೊಗರಿಯೇ ಅದರ ಪಂಚಾಂಗ. ಜೂನ್ ಮೊದಲ ವಾರ ಪ್ರಸಾರ ಶುರುಮಾಡಿದರೆ ಬಿತ್ತನೆಯೂ ಮೊದಲ ಕಂತುಗಳೂ ಒಟ್ಟಿಗೆ ಬರುತ್ತವೆ. 180ನೇ ಕಂತಿನ ಆಸುಪಾಸು ಎಳ್ಳಮಾವಾಸ್ಯೆ. ಭಜ್ಜಿ ಪಲ್ಯೆ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಭೂತಾಯಿಗೆ ಎಡೆ ಎರಚುವ ದಿನ ಮುನಿಸಿಕೊಂಡವರೂ ಒಂದೇ ಬಂಡಿ ಹತ್ತಲೇಬೇಕು. ಇಡೀ ಸಂಸಾರವನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಲು ಬೇರೆ ನೆಪ ಬೇಡ. ತೊಗರಿ ಗಿಡ ಬಾಡಿ ಒಣಗುವ ನೆಟೆ ರೋಗ ತೋರಿಸುವುದಿದ್ದರೆ ಹೂವು–ಕಾಯಿ ಹೊತ್ತಿಗೆ ತೋರಿಸಿ, ಆಗಲೇ ಅದು ಎದ್ದು ಕಾಣುವುದು. ಅದರ ಬೂಜು ಮಣ್ಣಿನಲ್ಲೇ ಉಳಿಯುತ್ತದೆ. ವರ್ಷಾ ವರ್ಷಾ ಅದೇ ಹೊಲಕ್ಕೆ ತೊಗರಿ ಹಾಕಿದ ಹಟಮಾರಿ ಕಾಕಾನಿಗೆ ತಕ್ಕ ಶಾಸ್ತಿ. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಎಕರೆಗೆ ಎಷ್ಟು ಚೀಲ, ಅದರಲ್ಲಿ ಸಾಲಕ್ಕೆಷ್ಟು, ಬಂಗಾರಕ್ಕೆಷ್ಟು ಎಂದು ಅವ್ವ ರೊಟ್ಟಿ ಬಡಿಯುತ್ತಲೇ ಲೆಕ್ಕ ಒಪ್ಪಿಸಬೇಕು. ಹಳೇ ಧಾರಾವಾಹಿಗಳನ್ನು ಜನ ನೆನೆಯುವುದು ಇಂಥ ಲೆಕ್ಕಕ್ಕೇ. ಆ ಮನೆಗಳಿಗೆ ಬಾಡಿಗೆ ಎಷ್ಟು, ಸಂಬಳ ಯಾವತ್ತು ಎಂಬುದು ಗೊತ್ತಿತ್ತು. ಈಗಿನ ಪರದೆಯ ಮನೆಗಳಲ್ಲಿ ಎಂಟು ಜನ ರೇಷ್ಮೆ ಉಟ್ಟು ಓಡಾಡುತ್ತಾರೆ, ದುಡಿಯಲು ಹೋಗುವವರು ಯಾರೆಂದು ತಿಳಿಯುವುದಿಲ್ಲ.

ಮನೆಯನ್ನು ಇಲ್ಲೇ ಹುಡುಕಿದರೆ ಒಳ್ಳೆಯದು. ಶಹಾಬಾದಿ ಪರಸಿಯ ಪಡಸಾಲೆ ಕ್ಯಾಮೆರಾಕ್ಕೆ ಚೆಂದ, ಮೈಕಿಗೆ ಕಷ್ಟ. ಬೋಳು ಕಲ್ಲಿಗೆ ಬಡಿದು ದನಿ ಮೊಳಗುತ್ತದೆ. ನೆಲಕ್ಕೆ ಜಮಖಾನೆ ಹಾಸಿ, ಚೌಕಟ್ಟಿಗೆ ಬೀಳದ ಗೋಡೆಗೆ ಕೌದಿ ತೂಗುಹಾಕಿದರೆ ತಕ್ಕಮಟ್ಟಿಗೆ ಸುಧಾರಿಸುತ್ತದೆ. ಬೇಸಿಗೆಯಲ್ಲಿ ಕೂಲರ್‌ನ ಗದ್ದಲ. ನಿಲ್ಲಿಸಿದರೆ ನಲವತ್ತೆರಡು ಡಿಗ್ರಿಯಲ್ಲಿ ಅತ್ತೆಯ ಮೇಕಪ್ಪು ಇಳಿಯುತ್ತದೆ, ನಡೆಸಿದರೆ ಮಾತು ಕೇಳುವುದಿಲ್ಲ. ಮಾತಿಲ್ಲದ ಶಾಟುಗಳನ್ನೆಲ್ಲ ಕೂಲರ್ ಹಾಕಿ ಮುಗಿಸಿಕೊಂಡು, ಮಾತಿನವನ್ನು ಬೆಳಗ್ಗೆ ಹತ್ತರೊಳಗೆ ತೆಗೆಯುವುದೊಂದೇ ದಾರಿ. ಟ್ಯೂಬ್‌ಲೈಟ್ ಮಿಣುಕಬಾರದೆಂದರೆ ಸೆಕೆಂಡಿಗೆ 25 ಫ್ರೇಮು, ಶಟರ್ ಸೆಕೆಂಡಿನ ಐವತ್ತರಲ್ಲೊಂದು ಭಾಗ. ಮಾತಿನ ಬಗ್ಗೆ ಹೇಳುವುದು ಬಹಳಿಲ್ಲ: ಉತ್ತರ ಕರ್ನಾಟಕ ಎಂದೊಡನೆ ಧಾರವಾಡದ ಮಾತು ಬರೆದುಕೊಟ್ಟರೆ ಬೀದರಿನವರು ಚಾನೆಲ್ ತಿರುಗಿಸುತ್ತಾರೆ. ಇಲ್ಲಿನ ಹುಡುಗ ಅವ್ವನ ಜೊತೆ ಒಂದು ಥರ, ದೋಸ್ತನ ಜೊತೆ ಈ ಕಡೆಯ ಉರ್ದುವಾದ ದಖನಿ ಅರ್ಧ ಬೆರೆಸಿ, ಆಫೀಸಿನಲ್ಲಿ ಇನ್ನೊಂದು ಥರ ಮಾತಾಡುತ್ತಾನೆ, ಮೂರೂ ಬೇಕು.

ಇಷ್ಟೆಲ್ಲ ಮಾಡಿದರೂ ಗುರುವಾರ ಬರುತ್ತದೆ, ಟಿಆರ್‌ಪಿ ಬರುತ್ತದೆ. ನಾಲ್ಕನೇ ಗುರುವಾರದ ಹೊತ್ತಿಗೆ ಚಾನೆಲ್‌ನಿಂದ ಫೋನೂ ಬರುತ್ತದೆ: “ಸ್ವಲ್ಪ ಡಲ್ ಇದೆ ಸರ್, ಅವಳಿ ತಂಗಿ ಏನಾದ್ರೂ ತರೋಕಾಗುತ್ತಾ?” ಆಗ ಅವಳಿಯ ಬದಲು ಟ್ರಂಕಿನಿಂದ ಆ ವಾಟ್ನಿ ಪತ್ರ ತೆಗೆಸಿ. ತಾರೀಖಿನ ಮೇಲೆ ಎಣ್ಣೆಯ ಕಲೆ ಬಿದ್ದು ಡಿಸೆಂಬರ್ 10ರೋ 20ರೋ ತಿಳಿಯದಂತಿರಲಿ. ಸಬ್ ರಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ಬರಲು ಎಷ್ಟು ದಿನ ಬೇಕೋ ಅಷ್ಟು ದಿನದ ಕಂತು ನಿಮ್ಮದೇ.