ಫೋನಿನಲ್ಲಿ ಹೇಳಿದ ಒಂದು ಸಾಲು

2009ರ ಡಿಸೆಂಬರ್‌ನಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಬಂದ ‘ಗ್ಲೀ’ ಹಾಸ್ಯ ಧಾರಾವಾಹಿಯ ಒಂದು ಸಂಚಿಕೆಯಲ್ಲಿ ಹೈಸ್ಕೂಲು ಮಕ್ಕಳು ಒಟ್ಟಾಗಿ ಫೋನಿನಲ್ಲಿ ಹರಟುತ್ತಿರುತ್ತಾರೆ. ಯಾರು ಯಾರ ಜೊತೆ ಓಡಾಡುತ್ತಿದ್ದಾರೆ ಎಂಬ ಮಾಮೂಲು ಮಾತು. ಜೊತೆಗೆ ಮಲಗಿದ ಮಾತ್ರಕ್ಕೆ ಪ್ರೇಮಿಗಳಾಗುವುದಿಲ್ಲ ಎಂದು ಸ್ಯಾಂಟಾನಾ ಎಂಬ ಹುಡುಗಿ ಹೇಳುತ್ತಾಳೆ. ಹಾಗಾಗುವುದಿದ್ದರೆ ನಾನೂ ಸ್ಯಾಂಟಾನಾಳೂ ಪ್ರೇಮಿಗಳೇ ಆಗಿರಬೇಕಿತ್ತಲ್ಲ ಎಂದು ಅವಳ ಗೆಳತಿ ಬ್ರಿಟನಿ ಮುಗ್ಧವಾಗಿ ಸೇರಿಸುತ್ತಾಳೆ. ಉಳಿದವರು ಬೆಪ್ಪಾಗುತ್ತಾರೆ. ಅಷ್ಟೇ, ಕಥೆ ಬೇರೆ ಕಡೆಗೆ ಹೊರಳುತ್ತದೆ.

ಅದು ನಗಿಸಿ ಮರೆತುಬಿಡಲೆಂದು ಬರೆದ ಸಾಲು. ಬರೆದವರಿಗೂ ಅದರ ಮುಂದಿನ ಯೋಚನೆ ಇರಲಿಲ್ಲ. ಆದರೆ ನೋಡುಗರು, ಅದರಲ್ಲೂ ಹುಡುಗಿಯರು, ಆ ಸಾಲನ್ನು ಬಿಡಲಿಲ್ಲ. ಇವರಿಬ್ಬರ ಕಥೆ ಹೇಳಿ ಎಂದು ಪಟ್ಟು ಹಿಡಿದರು. ಐದು ವರ್ಷಗಳ ನಂತರ, 2015ರ ಫೆಬ್ರವರಿಯಲ್ಲಿ, ಅದೇ ಇಬ್ಬರು ಹುಡುಗಿಯರು ಬಿಳಿಯ ಉಡುಪು ತೊಟ್ಟು ಅದೇ ಧಾರಾವಾಹಿಯಲ್ಲಿ ಮದುವೆಯಾದರು. ನಗೆಹನಿಯೊಂದು ದೊಡ್ಡದಾಗಿ ಬೆಳೆದು, ಮನುಷ್ಯಳಾಗಿ, ಹಸೆಮಣೆ ಏರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ‘ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಿ’ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಕಳೆದ ವಾರ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹಬ್ಬಕ್ಕೆಂದು ಹತ್ತಿಪ್ಪತ್ತು ಜನ ಸೇರಿದ್ದ ಒಂದು ಮನೆಯಲ್ಲಿ ಟಿವಿಯಲ್ಲಿ ಕಾಮಿಡಿ ಕಾರ್ಯಕ್ರಮವೊಂದು ಓಡುತ್ತಿತ್ತು. ಕಾಲೇಜು ಹುಡುಗನ ವೇಷದವನೊಬ್ಬ ಸೊಂಟ ಬಳುಕಿಸುತ್ತಾ ಬಂದ, ಇನ್ನೊಬ್ಬ ಹುಡುಗನ ತೋಳು ಹಿಡಿದ, ಆ ಹುಡುಗ ಬೆಚ್ಚಿ ಜಿಗಿದ. ಹಿನ್ನೆಲೆಯಲ್ಲಿ ಕೊಂಯ್ ಎಂಬ ಸದ್ದು. ಇಡೀ ಕೋಣೆ ನಕ್ಕಿತು. ಅಲ್ಲಿ ಐದಾರು ಮಕ್ಕಳಿದ್ದರು. ಅವರು ಮೊದಲು ದೊಡ್ಡವರ ಮುಖ ನೋಡಿದರು, ಆಮೇಲೆ ನಕ್ಕರು. ಯಾವುದಕ್ಕೆ ನಗಬೇಕು ಎಂಬುದನ್ನು ಮಕ್ಕಳು ಕಲಿಯುವುದು ಹೀಗೆಯೇ. ದಾವಣಗೆರೆಯ ನಮ್ಮ ಮನೆಯ ನಡುಕೋಣೆಯಲ್ಲಿ, ಹತ್ತು ಹನ್ನೊಂದರ ವಯಸ್ಸಿನಲ್ಲಿ, ನಾನೂ ಹೀಗೆಯೇ ಕಲಿತೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಏಕೆ ಅಷ್ಟು ಜೋರಾಗಿ ನಗುತ್ತಿದ್ದೆ ಎಂಬುದು ನನಗೆ ತಿಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು.

ಆ ಬಳುಕುವ ಹುಡುಗನಿಗೆ ಹೆಸರಿರುವುದಿಲ್ಲ, ಗಮನಿಸಿದ್ದೀರಾ? ಅವನಿಗೆ ಮನೆಯಿಲ್ಲ, ಪರೀಕ್ಷೆಯಿಲ್ಲ, ಅವನು ಊಟಕ್ಕೆ ತಡವಾಗಿ ಬಂದರೆ ಬಯ್ಯುವ ಅಪ್ಪನಿಲ್ಲ. ಅವನು ಬರುವುದು ನಗಿಸಿ ಹೋಗುವುದಕ್ಕೆ. ನನ್ನ ಜಗಳ ನಗುವಿನೊಂದಿಗಲ್ಲ. ನನಗೆ ನಗು ಬೇಕು, ನಮ್ಮಂಥ ಸಲಿಂಗಿಗಳ ಕಥೆಯಲ್ಲೂ ಬೇಕು. ಆದರೆ ಆ ಹುಡುಗನಿಗೆ ಒಬ್ಬ ಅಪ್ಪನನ್ನು ಕೊಟ್ಟು ನೋಡಿ, ನಗು ತಾನಾಗಿ ದಿಕ್ಕು ಬದಲಿಸುತ್ತದೆ.

‘ಗ್ಲೀ’ಯ ಕರ್ಟ್ ಹಮ್ಮೆಲ್‌ಗೆ ಒಬ್ಬ ಅಪ್ಪನಿದ್ದ. ಒಹಾಯೋ ರಾಜ್ಯದ ಲೈಮಾ ಎಂಬ ಊರಿನಲ್ಲಿ ವಾಹನ ರಿಪೇರಿ ಅಂಗಡಿ ಇಟ್ಟುಕೊಂಡ, ಸದಾ ತಲೆಗೆ ಟೋಪಿ ಹಾಕಿಕೊಂಡಿರುವ ಬರ್ಟ್. ಹೆಂಡತಿ ತೀರಿಕೊಂಡಿದ್ದಾಳೆ. ಮಗ ಬಟ್ಟೆಬರೆಯ ವಿಷಯದಲ್ಲಿ ಅತಿ ನಾಜೂಕು, ಮುಖಕ್ಕೆ ಹತ್ತು ಬಗೆಯ ಕ್ರೀಮು. 2009ರ ಸೆಪ್ಟೆಂಬರ್‌ನಲ್ಲಿ ಬಂದ ನಾಲ್ಕನೆಯ ಸಂಚಿಕೆಯಲ್ಲಿ, ಬಿಗಿಯುಡುಪು ತೊಟ್ಟು ಬಿಯಾನ್ಸೆಯ ಹಾಡಿಗೆ ಕುಣಿಯುತ್ತಿರುವಾಗ ಕರ್ಟ್ ಅಪ್ಪನ ಕಣ್ಣಿಗೆ ಬೀಳುತ್ತಾನೆ. ಗಾಬರಿಯಲ್ಲಿ, ಇದು ಫುಟ್‌ಬಾಲ್ ಅಭ್ಯಾಸ ಎಂದು ಸುಳ್ಳು ಹೇಳುತ್ತಾನೆ. ಸುಳ್ಳನ್ನು ನಿಜ ಮಾಡಲು ತಂಡಕ್ಕೂ ಸೇರುತ್ತಾನೆ. ಕೊನೆಗೆ ಆ ಭಾರೀ ಮೈಕಟ್ಟಿನ ಹುಡುಗರೆಲ್ಲ ಮೈದಾನದ ನಡುವೆ ಅದೇ ಹಾಡಿಗೆ ಕುಣಿದು ಎದುರಾಳಿಗಳನ್ನು ಕಕ್ಕಾಬಿಕ್ಕಿ ಮಾಡುತ್ತಾರೆ, ಕರ್ಟ್ ಒದ್ದ ಚೆಂಡಿನಿಂದ ತಂಡ ಗೆಲ್ಲುತ್ತದೆ. ಹೊಟ್ಟೆ ಹುಣ್ಣಾಗುವಷ್ಟು ನಗು. ಆ ನಗುವಿನಲ್ಲಿ ಎಲ್ಲಿಯೂ ಕರ್ಟ್ ಬಲಿಯಲ್ಲ. ಅವನ ಕುಣಿತವೇ ಉಪಾಯ, ಅವನ ಕುಣಿತವೇ ಗೆಲುವು. (ನಟ ಕ್ರಿಸ್ ಕೋಲ್ಫರ್‌ಗೆ ಈ ಕುಣಿತ ಕಲಿಸಲೆಂದು ಬಂದ ನರ್ತಕಿ ಹೆದರ್ ಮಾರಿಸ್ ಧಾರಾವಾಹಿಯಲ್ಲೇ ಉಳಿದುಬಿಟ್ಟಳು. ಬ್ರಿಟನಿಯ ಪಾತ್ರ ಮಾಡಿದವಳು ಅವಳೇ.)

ಆ ರಾತ್ರಿ ಕರ್ಟ್ ತಾನು ಸಲಿಂಗಿ ಎಂಬ ನಿಜವನ್ನು ಅಪ್ಪನಿಗೆ ಹೇಳುತ್ತಾನೆ. ನನಗೆ ಗೊತ್ತಿತ್ತು ಎನ್ನುತ್ತಾನೆ ಅಪ್ಪ. ಮೂರು ವರ್ಷದ ಮಗು ಹುಟ್ಟುಹಬ್ಬಕ್ಕೆ ಹಿಮ್ಮಡಿ ಎತ್ತರದ ಚಪ್ಪಲಿ ಕೇಳಿದಾಗಲೇ ಗೊತ್ತಾಗಿತ್ತು. ಈ ವಿಚಾರ ನನಗೆ ತುಂಬ ಇಷ್ಟವೇನಲ್ಲ, ಆದರೆ ನೀನು ಇರುವುದೇ ಹಾಗಾದರೆ ನನ್ನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ ಎನ್ನುತ್ತಾನೆ. ಅಪ್ಪಿಕೊಂಡು ಹೊರಟವನು ಬಾಗಿಲ ಬಳಿ ತಿರುಗಿ ಒಂದು ಮಾತು ಕೇಳುತ್ತಾನೆ: ಖಚಿತ ತಾನೇ? ಆ ಪ್ರಶ್ನೆಗೆ ನಗದವರಿಲ್ಲ. ಆದರೆ ಈಗ ನಾವು ನಗುತ್ತಿರುವುದು ಮಗನಿಗಲ್ಲ. ಅರ್ಥ ಮಾಡಿಕೊಳ್ಳಲು ಒದ್ದಾಡುತ್ತಿರುವ, ಒಂದಿಷ್ಟು ಆಸೆಯನ್ನು ಇನ್ನೂ ಬಿಡಲಾರದ ಅಪ್ಪನಿಗೆ. ಅದೂ ಪ್ರೀತಿಯಿಂದ.

ಬರ್ಟ್ ಪಾತ್ರವನ್ನು ಅಲ್ಲಿಗೇ ಮುಗಿಸದೆ ಬೆಳೆಸಿದ್ದು ಈ ಧಾರಾವಾಹಿ ಮಾಡಿದ ದೊಡ್ಡ ಕೆಲಸ. ಕೆಲವೇ ಸಂಚಿಕೆಗಳ ನಂತರ, ಸಾಮಾನ್ಯವಾಗಿ ಹುಡುಗಿಯರು ಹಾಡುವ ಹಾಡೊಂದನ್ನು ಹಾಡಲು ತನಗೂ ಅವಕಾಶ ಬೇಕೆಂದು ಕರ್ಟ್ ಕೇಳುತ್ತಾನೆ. ಬರ್ಟ್ ಶಾಲೆಗೆ ಹೋಗಿ ಮಗನ ಪರವಾಗಿ ಜಗಳವಾಡುತ್ತಾನೆ. ಅದರ ಬೆನ್ನಿಗೇ ಅಂಗಡಿಗೆ ಅನಾಮಧೇಯ ಕರೆ ಬರುತ್ತದೆ, ಮಗನನ್ನು ಹೊಲಸು ಮಾತಿನಲ್ಲಿ ಬಯ್ದು ಫೋನ್ ಇಡುತ್ತಾರೆ. ಅಪ್ಪನ ಮುಖ ನೋಡಿದ ಕರ್ಟ್ ಸ್ಪರ್ಧೆಯಲ್ಲಿ ಆ ಎತ್ತರದ ಸ್ವರವನ್ನು ಬೇಕೆಂದೇ ತಪ್ಪಿಸಿ ಸೋಲುತ್ತಾನೆ. ನನ್ನಿಂದಾಗಿ ಅಪ್ಪ ಬೈಗುಳ ಕೇಳಬಾರದು ಎಂದು. ಸ್ವತಃ ಕೋಲ್ಫರ್‌ಗೆ ಶಾಲೆಯಲ್ಲಿ ಅದೇ ಹಾಡು ಹಾಡಲು ಬಿಟ್ಟಿರಲಿಲ್ಲ, ನೀನು ಹುಡುಗ ಎಂಬ ಕಾರಣಕ್ಕೆ. ನಟನ ಬದುಕಿನಿಂದ ಎತ್ತಿ ತಂದ ನೋವು ಅದು. ಗೆಲ್ಲಬಲ್ಲ ಸ್ವರವನ್ನು ಮನೆಯವರಿಗೋಸ್ಕರ ಗಂಟಲಲ್ಲೇ ನುಂಗಿಕೊಂಡವರು ಇದನ್ನು ಓದುತ್ತಿರುವವರಲ್ಲೂ ಇದ್ದೀರಿ, ನನಗೆ ಗೊತ್ತು.

2010ರ ಶರತ್ಕಾಲದಲ್ಲಿ ಅಮೆರಿಕದಲ್ಲಿ, ಸಲಿಂಗಿಗಳೆಂದು ಕಿರುಕುಳ ಅನುಭವಿಸಿದ್ದ, 18ರ ಹರೆಯದ ಟೈಲರ್ ಕ್ಲೆಮೆಂಟಿ ಸೇರಿ ಹಲವು ಹುಡುಗರು ಒಬ್ಬರ ಹಿಂದೊಬ್ಬರು ಜೀವ ಕಳೆದುಕೊಂಡರು. ಅದೇ ಹೊತ್ತಿಗೆ ಧಾರಾವಾಹಿಯಲ್ಲಿ ಕರ್ಟ್ ಸಹಪಾಠಿಯ ಕಿರುಕುಳ ತಾಳಲಾರದೆ ಶಾಲೆ ಬಿಡುವ ಕಥೆ ಬಂತು. 2011ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಪಡೆದಾಗ ಕೋಲ್ಫರ್‌ಗೆ ಇಪ್ಪತ್ತು ವರ್ಷ, ಅವನು ವೇದಿಕೆಯಲ್ಲಿ ನೆನೆದದ್ದು ಶಾಲೆಯಲ್ಲಿ ಕಿರುಕುಳ ಅನುಭವಿಸುವ ಮಕ್ಕಳನ್ನು. ಆ ಕಥೆ ಆ ಹೊತ್ತಿಗೆ ಬೇಕಿತ್ತು, ಒಪ್ಪುತ್ತೇನೆ. ಆದರೂ ಕರ್ಟ್ ಆಗ ತುಸು ಹೆಚ್ಚೇ ಸಂತನಾದ. ಅತ್ತು ಅತ್ತು ಅವನ ಹರಿತವಾದ ನಾಲಿಗೆ ಮೊಂಡಾಯಿತು.

ನಾನು ಇದನ್ನೆಲ್ಲ ನೋಡಿದ್ದು 2011ರಲ್ಲಿ, ಬೆಂಗಳೂರಿನ ಜಯನಗರದ ಪಿಜಿಯೊಂದರಲ್ಲಿ, ಮೂವರು ಮಲಗುವ ಕೋಣೆಯಲ್ಲಿ, ಹೊದಿಕೆಯೊಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು. ನಮ್ಮಂಥವರನ್ನು ಅಪರಾಧಿಗಳೆನ್ನುತ್ತಿದ್ದ 377ನೇ ಕಲಮಿನ ಬಲವನ್ನು ದೆಹಲಿ ಹೈಕೋರ್ಟ್ ಮುರಿದು ಎರಡು ವರ್ಷವಾಗಿತ್ತು. ಆದರೆ ನಮ್ಮ ಪತ್ರಿಕೆಗಳಲ್ಲಿ ನನಗಿದ್ದ ಹೆಸರು ‘ಸಲಿಂಗಕಾಮಿ’. ನನ್ನ ಅಕ್ಕ ಭಾವನನ್ನು ಮೆಚ್ಚಿದರೆ ಪ್ರೀತಿ, ನಾನು ಒಬ್ಬಳನ್ನು ಮೆಚ್ಚಿದರೆ ಕಾಮ! ಇಂದಿಗೂ ಆ ಪದ ಅಚ್ಚಾಗುತ್ತಿದೆ, ಇಂದಿಗೂ ಅದು ನನ್ನನ್ನು ಚುಚ್ಚುತ್ತದೆ. ಆ ಕಾಲದಲ್ಲಿ ಸ್ಯಾಂಟಾನಾ ನನಗೆ ಸಿಕ್ಕಳು. ಶಾಲೆಯಲ್ಲೇ ಅತ್ಯಂತ ಕಟುಮಾತಿನವಳು, ಎಲ್ಲರನ್ನೂ ಗೇಲಿ ಮಾಡುವವಳು, ಹುಡುಗರೊಂದಿಗೆ ಓಡಾಡಿಕೊಂಡಿದ್ದವಳು. ಆ ವರ್ಷದ ಮಾರ್ಚ್‌ನ ಸಂಚಿಕೆಯಲ್ಲಿ ಶಾಲೆಯ ಪಡಸಾಲೆಯಲ್ಲಿ ನಿಂತು ಬ್ರಿಟನಿಗೆ ತನ್ನ ಪ್ರೀತಿ ಹೇಳುತ್ತಾಳೆ. ಆ ಸಿಟ್ಟೆಲ್ಲ ಎಲ್ಲಿಂದ ಬಂದದ್ದೆಂದು ಆಗ ಬಿಚ್ಚಿಕೊಳ್ಳುತ್ತದೆ. ನಟಿ ನಾಯಾ ರಿವೇರಾ ಆ ದೃಶ್ಯದಲ್ಲಿ ಅಳುವುದಿಲ್ಲ, ಅಳು ಬಾರದಂತೆ ಹಲ್ಲು ಕಚ್ಚಿ ಸೋಲುತ್ತಾಳೆ. ನಾಯಾ 2020ರ ಜುಲೈನಲ್ಲಿ, 33ರ ಹರೆಯದಲ್ಲಿ, ಸರೋವರದಲ್ಲಿ ಮುಳುಗಿ ತೀರಿಕೊಂಡಾಗ ನಾನು ಕಚೇರಿಯ ಕೆಲಸ ಬಿಟ್ಟು ಮಲಗಿದೆ. ಅದು ನನ್ನ ಮನೆಯ ಸಾವು.

ಹುಡುಗಿಯರಿಗೆ ಈ ಧಾರಾವಾಹಿ ಮಾಡಿದ ಅನ್ಯಾಯವನ್ನೂ ಹೇಳಬೇಕು. ಕರ್ಟ್ ಮತ್ತು ಅವನು ಮೆಚ್ಚಿದ ಹುಡುಗ ಬ್ಲೇನ್ 2011ರ ಮಾರ್ಚ್‌ನಲ್ಲೇ ಪರದೆಯ ಮೇಲೆ ಮುತ್ತಿಟ್ಟುಕೊಂಡರು. ಮೊದಲಿನಿಂದ ಹಾಸಿಗೆ ಹಂಚಿಕೊಂಡಿದ್ದ ಸ್ಯಾಂಟಾನಾ, ಬ್ರಿಟನಿಯರ ಪುಟ್ಟದೊಂದು ಮುತ್ತಿಗೆ ನಾವು 2012ರ ಫೆಬ್ರವರಿಯವರೆಗೆ ಕಾದೆವು. ಎಲ್ಲಕ್ಕಿಂತ ಕೆಟ್ಟದ್ದು ಅವರ ಸಹಪಾಠಿ ಫಿನ್ ಮಾಡಿದ ಕೆಲಸ. ಸ್ಯಾಂಟಾನಾಳ ಗೇಲಿಗೆ ಉತ್ತರವಾಗಿ ಅವನು ಶಾಲೆಯ ಪಡಸಾಲೆಯಲ್ಲಿ ನಾಲ್ಕು ಜನರ ನಡುವೆ ಅವಳ ಗುಟ್ಟನ್ನು ಆಡಿಬಿಡುತ್ತಾನೆ. ಅದು ಚುನಾವಣಾ ಜಾಹೀರಾತಿನವರೆಗೆ ಹೋಗುತ್ತದೆ. ಮುಂದಿನ ಸಂಚಿಕೆಯಲ್ಲಿ ಅವನೇ ಅವಳಿಗಾಗಿ ಹಾಡು ಹಾಡಿ ನಾಯಕನಾಗುತ್ತಾನೆ! ಅವಳು ಕೃತಜ್ಞಳಾಗುತ್ತಾಳೆ! ಇನ್ನೊಬ್ಬರ ಗುಟ್ಟನ್ನು ಬೀದಿಗೆ ಹಾಕಿದವನಿಗೆ ಹಾರ ಹಾಕಿಸಿದ ಆ ಬರವಣಿಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆದರೆ ಅದೇ ಸಂಚಿಕೆಯಲ್ಲಿ ಅಜ್ಜಿಯ ದೃಶ್ಯವಿದೆ. ಅಡುಗೆಮನೆಯಲ್ಲಿ ಮೊಮ್ಮಗಳು ನಿಜ ಹೇಳುತ್ತಾಳೆ. ಅಜ್ಜಿ ಹೊರಗೆ ಹೋಗು ಎನ್ನುತ್ತಾಳೆ. ಎಲ್ಲರಿಗೂ ಗುಟ್ಟುಗಳಿರುತ್ತವೆ, ಪಾಪ ಇರುವುದು ಆ ವಿಷಯದಲ್ಲಲ್ಲ, ಅದನ್ನು ಬಾಯಿಬಿಟ್ಟು ಹೇಳಿ ರಂಪ ಮಾಡುವುದರಲ್ಲಿ ಎಂಬುದು ಅವಳ ವಾದ. ಲ್ಯಾಟಿನೋ ಮನೆತನದ ಆ ಮುದುಕಿ ನನ್ನ ಕಿವಿಗೆ ಅಚ್ಚಕನ್ನಡದಲ್ಲಿ ಮಾತನಾಡಿದಳು. ಮನೆಯ ಮಾತು ಹೊಸಿಲು ದಾಟಬಾರದು. ಆಡಿಕೊಳ್ಳುವವರ ಬಾಯಿಗೆ ಬೀಳಬಾರದು. ನೀನು ಏನಾದರೂ ಆಗಿರು, ಹೇಳಬೇಡ. ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳನ್ನು ಈ ಮಾತುಗಳು ಮದುವೆಯ ಚಪ್ಪರದೊಳಗೆ ತಳ್ಳಿಲ್ಲ? ಕೊನೆಯ ಸೀಸನ್ನಿನ ಮದುವೆಗೆ ಆ ಅಜ್ಜಿ ಬರುತ್ತಾಳೆ. ನಾನು ಅತ್ತೆ. ಆದರೆ ಕ್ರೀಡಾ ತರಬೇತುದಾರ್ತಿ ಸ್ಯೂ ಹೋಗಿ ಮಾತನಾಡಿದಳಂತೆ, ಅಜ್ಜಿ ಬಂದಳಂತೆ. ಅಷ್ಟು ಸುಲಭವಾಗಿ ಯಾವ ಅಜ್ಜಿಯೂ ಬದಲಾಗುವುದಿಲ್ಲ. ನನಗೆ ನೋಡಬೇಕಿದ್ದದ್ದು ಆ ನಡುವಿನ ವರ್ಷಗಳನ್ನು, ಆ ಅಡುಗೆಮನೆಯ ಖಾಲಿ ಕುರ್ಚಿಯನ್ನು.

ಮದುವೆಯ ಬಗ್ಗೆ ಇನ್ನೊಂದು ಮಾತು. ಹುಡುಗಿಯರು ಒಹಾಯೋದವರಾದರೂ ಮದುವೆಯಾದದ್ದು ಪಕ್ಕದ ಇಂಡಿಯಾನಾ ರಾಜ್ಯದ ಕಣಜದಲ್ಲಿ. ಒಹಾಯೋ ಕಾನೂನು ಒಪ್ಪುತ್ತಿರಲಿಲ್ಲ. ನಾಲ್ಕು ತಿಂಗಳ ನಂತರ, 2015ರ ಜೂನ್ 26ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಆ ಹಕ್ಕು ಕೊಟ್ಟಿತು. ಆ ಮೊಕದ್ದಮೆಗೆ ಹೆಸರಾದ ಜಿಮ್ ಒಬರ್ಗಫೆಲ್ ಅದೇ ಒಹಾಯೋದವನು. ಸಾಯುತ್ತಿದ್ದ ಸಂಗಾತಿಯನ್ನು ಮದುವೆಯಾಗಲು ಮೇರಿಲ್ಯಾಂಡ್‌ಗೆ ಹಾರಿ, ನಿಂತ ವಿಮಾನದೊಳಗೇ ಮದುವೆಯಾಗಿ ಬಂದವನು. ಹಾಸ್ಯ ಧಾರಾವಾಹಿಯ ಆ ಕಣಜದ ಹಿಂದೆ ಇಂಥ ನಿಜವಾದ ವಿಮಾನವೊಂದು ನಿಂತಿತ್ತು. ನಮ್ಮಲ್ಲಿ, ದೆಹಲಿ ಹೈಕೋರ್ಟ್ ಕೊಟ್ಟದ್ದನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಕಿತ್ತುಕೊಂಡಿತು, 2018ರ ಸೆಪ್ಟೆಂಬರ್ 6ರಂದು ಮರಳಿ ಕೊಟ್ಟಿತು, 2023ರ ಅಕ್ಟೋಬರ್‌ನಲ್ಲಿ ಮದುವೆ ಮಾತ್ರ ಇಲ್ಲ ಎಂದಿತು.

‘ಗ್ಲೀ’ ಎಡವಿದಲ್ಲಿ ಎಡವದೆ ನಡೆದವಳು ‘ಡೆರಿ ಗರ್ಲ್ಸ್’ ಎಂಬ ಇನ್ನೊಂದು ಹಾಸ್ಯ ಧಾರಾವಾಹಿಯ ಕ್ಲೇರ್. 1990ರ ದಶಕದ ಉತ್ತರ ಐರ್ಲೆಂಡ್, ಬೀದಿಯಲ್ಲಿ ಸೈನಿಕರು, ಸನ್ಯಾಸಿನಿಯರು ನಡೆಸುವ ಹುಡುಗಿಯರ ಶಾಲೆ. 2018ರಲ್ಲಿ ಬಂದ ಮೊದಲ ಸೀಸನ್ನಿನ ಕೊನೆಯಲ್ಲಿ, ಶಾಲಾ ಪತ್ರಿಕೆಗೆ ಹೆಸರಿಲ್ಲದೆ ಬಂದ ಲೆಸ್ಬಿಯನ್ ಹುಡುಗಿಯೊಬ್ಬಳ ಬರಹವನ್ನು ಎರಿನ್ ಎಂಬ ವಿದ್ಯಾರ್ಥಿನಿ ದೊಡ್ಡ ಕ್ರಾಂತಿಕಾರಿಯಂತೆ ಪ್ರಕಟಿಸುತ್ತಾಳೆ. ಬರೆದವಳು ನಾನೇ ಎಂದು ತನ್ನ ಆಪ್ತ ಗೆಳತಿ ಕ್ಲೇರ್ ಹೇಳಿದ ಕೂಡಲೇ ಆ ಕ್ರಾಂತಿಯ ಗಾಳಿ ಇಳಿದುಹೋಗುತ್ತದೆ. ಅಲ್ಲಿ ನಗು ಬೀಳುವುದು ಎರಿನ್ ಮೇಲೆ. ದೂರದ ಸಲಿಂಗಿಗೆ ಜೈ ಎಂದು, ಪಕ್ಕದ ಕುರ್ಚಿಯವಳಿಂದ ದೂರ ಸರಿಯುವ ಎಲ್ಲರ ಮೇಲೆ. ಕ್ಲೇರ್ ಮಾತ್ರ ನಿಜ ಹೇಳಿದ ಮೇಲೂ ಮೊದಲಿನಂತೆಯೇ ಪುಕ್ಕಲಿ, ಮೊದಲಿನಂತೆಯೇ ಕಿರುಚುಬುರುಕಿ. ಅವಳನ್ನು ಯಾರೂ ಪೀಠದ ಮೇಲೆ ಕೂರಿಸಲಿಲ್ಲ. ಅವಳಿಗೊಂದು ಪ್ರೀತಿಯ ಕಥೆ ಕೊಡಲು ಮೂರನೆಯ ಸೀಸನ್‌ವರೆಗೆ ಕಾಯಿಸಿದರು, ಕೊಟ್ಟ ಕೂಡಲೇ ಅಪ್ಪನನ್ನು ಕಿತ್ತುಕೊಂಡರು. ಆ ಕೊರಗು ನನಗಿದೆ.

ಕನ್ನಡದಲ್ಲಿ ಕಾಮಿಡಿ ಬರೆಯುವ ಗೆಳೆಯರು ಕೆಲವರು ಈ ಬರಹವನ್ನು ಓದುತ್ತೀರಿ. ನಿಮ್ಮನ್ನು ಕೇಳುತ್ತಿದ್ದೇನೆ: ಆ ಬಳುಕುವ ಹುಡುಗನಿಗೆ ಮುಂದಿನ ಸಲ ಒಂದು ಹೆಸರಿಡಿ. ಸಂಜೆ ಅವನು ಯಾವ ಮನೆಗೆ ಹೋಗುತ್ತಾನೆ ಎಂದು ಯೋಚಿಸಿ. ಅವನಿಗೂ ಒಂದು ಚುರುಕಾದ ಮರುಮಾತು ಬರೆಯಿರಿ. ಅವನು ಗೆಲ್ಲಲಿ, ಒಮ್ಮೆಯಾದರೂ.

ನನ್ನ ಅಪ್ಪ ನಲವತ್ತು ವರ್ಷ ಲಾರಿ ರಿಪೇರಿಯ ಗ್ಯಾರೇಜು ನಡೆಸಿದವರು. 2019ರಲ್ಲಿ ನಾನು ಮನೆಯಲ್ಲಿ ನಿಜ ಹೇಳಿದ ಮೇಲೆ ಮೂರು ತಿಂಗಳು ಅವರು ನನ್ನೊಂದಿಗೆ ಊಟ, ಔಷಧಿ ಬಿಟ್ಟು ಬೇರೆ ಮಾತನಾಡಲಿಲ್ಲ. ಒಂದು ಭಾನುವಾರ ಅವರ ಪಕ್ಕದಲ್ಲಿ ಕುಳಿತು ಬರ್ಟ್‌ನ ಆ ನಾಲ್ಕನೆಯ ಸಂಚಿಕೆ ಹಾಕಿದೆ. ಒಂದೊಂದು ಸಾಲನ್ನೂ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಫುಟ್‌ಬಾಲ್ ಕುಣಿತಕ್ಕೆ ಅವರು ನಕ್ಕರು. ಕೊನೆಯ ದೃಶ್ಯಕ್ಕೆ ನನ್ನ ಗಂಟಲು ಕಟ್ಟಿ ಅನುವಾದ ನಿಂತುಹೋಯಿತು. ಅಪ್ಪ ಪರದೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಅವನಿಗೆ ಸ್ವಂತ ಗ್ಯಾರೇಜೇ?” ಎಂದು ಕೇಳಿದರು. ಹೌದು ಎಂದೆ. “ಹುಡುಗನಿಗೆ ಅಮ್ಮ ಇಲ್ಲವೇ?” ಇಲ್ಲ ಎಂದೆ.

“ಮುಂದಿನದನ್ನು ಹಾಕು” ಎಂದರು.